ಎಂಟು ರೂಪಾಯಿ ಕೂಸು



ಅಂಗನವಾಡಿಯವರು ಸರ್ಕಾರದ ಏಜೆಂಟರು, ಪುಡಿ ಪೊಟ್ಟಣ ಕೊಟ್ಟು ಕೇರಿಯ ಬಾಯಿ ಕಟ್ಟುವವರು ಎಂದು ನಮ್ಮ ಗೆಳೆಯರೊಬ್ಬರು ನಂಜನಗೂಡಿನ ಸಭೆಯಲ್ಲಿ ಹೇಳಿದರು. ಚಪ್ಪಾಳೆಯೂ ಬಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ನಾನು ಅಂಗನವಾಡಿಯವಳೇ. ಬಿ.ಎ. ಮುಗಿಸಿ, ಒಂದಷ್ಟು ಪದ್ಯ ಬರೆದುಕೊಂಡು, ತಿ. ನರಸೀಪುರ ತಾಲ್ಲೂಕಿನ ಒಂದು ಕೇರಿಯಲ್ಲಿ ಕೂಸುಗಳಿಗೆ ಅನ್ನ ಇಕ್ಕಿ, ಅಕ್ಷರ ತೀಡಿಸಿ, ತೂಕ ಹಾಕಿ ಬರೆದಿಡುವವಳು. ಅವತ್ತು ಎದ್ದು ಉತ್ತರ ಕೊಡಬೇಕಿತ್ತು. ಕೊಡಲಿಲ್ಲ. ಯಾಕೆಂದರೆ ಅದರ ಹಿಂದಿನ ವಾರವಷ್ಟೇ ಒಬ್ಬ ತಾಯಿಯನ್ನು ನಾನೇ ಬರಿಗೈಲಿ ವಾಪಸ್ ಕಳಿಸಿದ್ದೆ.

ಆಕೆ ನಾಟಿಗೆ ಹೋಗುವವಳು. ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ. ಕಂಕುಳಲ್ಲಿ ಒಂದೂವರೆ ವರ್ಷದ ಕೂಸು. ನಾನು ಮೊಬೈಲ್ ಎತ್ತಿ ಅವಳ ಮೊಕಕ್ಕೆ ಹಿಡಿದೆ. ಒಂದು ಸಲ, ಎರಡು ಸಲ, ಬಾಗಿಲ ಬೆಳಕಿಗೆ ಕರೆದು ಮೂರನೇ ಸಲ. ಆಧಾರ್ ಕಾರ್ಡಿನಲ್ಲಿರುವುದು ಮದುವೆಗೆ ಮುಂಚಿನ ಮೊಕ. ಆಮೇಲೆ ಎರಡು ಹೆರಿಗೆ ಆಗಿದೆ, ಗದ್ದೆ ಬಿಸಿಲು ಕುಡಿದಿದೆ. ಯಂತ್ರ ಒಪ್ಪಲಿಲ್ಲ. ಓಟಿಪಿ ಬರುವ ನಂಬರು ಗಂಡನ ಜೇಬಿನಲ್ಲಿ, ಗಂಡ ಬೆಂಗಳೂರಿನಲ್ಲಿ ಗಾರೆ ಕೆಲಸದಲ್ಲಿ.

‘ನಾನೇ ಕನವ್ವ ನಾನು. ನಿನ್ ಕಣ್ ಮುಂದೇನೆ ನಿಂತಿವ್ನಲ್ಲ’ ಅಂದಳು.

‘ನಂಗೊತ್ತು ಕನಕ್ಕ. ಇದ್ಕೆ ಗೊತ್ತಾಯ್ತಿಲ್ಲ.’

‘ಹಂಗಾರೆ ಕೂಸ್ಗೂ ಅದೇ ಉಣ್ಣುಕ್ಕಿಕ್ಲಿ ಬುಡು’ ಅಂತ ಹೋದಳು. ಸಂಜೆ ಹೊತ್ತಿಗೆ ಕೇರಿಯಲ್ಲಿ ಮಾತು ಹುಟ್ಟಿತ್ತು: ಮೇಡಮ್ಮ ಪೊಟ್ಟಣ ಮಾರ್ಕತಾವ್ಳೆ.

ಈ ನಿಯಮ ಮಾಡಿದವರು ಡೆಲ್ಲಿಯಲ್ಲಿದ್ದಾರೆ. ಮೂರು ವರ್ಷದೊಳಗಿನ ಕೂಸಿನ ಪಾಲನ್ನು ಮನೆಗೆ ಕೊಟ್ಟು ಕಳಿಸುವಾಗ ‘ಪೋಷಣ್ ಟ್ರ್ಯಾಕರ್’ ಎಂಬ ಆ್ಯಪಿನಲ್ಲಿ ಮೊಕ ಹೊಂದಲೇಬೇಕು ಎಂದು 2025ರ ಜುಲೈ 1ರಿಂದ ಕಡ್ಡಾಯ ಮಾಡಿದರು. ಕಳ್ಳತನ ತಡೆಯಲು ಎನ್ನುತ್ತಾರೆ. ಕಳ್ಳತನ ಇಲ್ಲವೆಂದು ನಾನು ಹೇಳುವುದಿಲ್ಲ, ಇದೆ. ಆದರೆ ಮಧ್ಯದಲ್ಲಿ ತಿನ್ನುವವನ ಮೊಕವನ್ನು ಯಾವ ಯಂತ್ರವೂ ಹಿಡಿಯುವುದಿಲ್ಲ. ಹಿಡಿಯುವುದು ಕೊನೆಯಲ್ಲಿ ಕೈಯೊಡ್ಡಿ ನಿಂತವಳ ಮೊಕವನ್ನು.

ತಿ. ನರಸೀಪುರ ಅಂದರೆ ಜನರಿಗೆ ಕಾವೇರಿ ಕಪಿಲೆ ಕೂಡುವ ಜಾಗ, ಮೂರು ವರ್ಷಕ್ಕೊಮ್ಮೆ ಬರುವ ಕುಂಭಮೇಳ. ಇನ್ನೊಂದು ಸಂಗತಿಯನ್ನು ನಾವೂ ಮರೆತಿದ್ದೇವೆ. 1975ರ ಅಕ್ಟೋಬರ್ 2ರಂದು ಇಂಡಿಯಾದಲ್ಲಿ 33 ಕಡೆ ಈ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ನಮ್ಮ ರಾಜ್ಯದ ಪಾಲಿಗೆ ಬಂದ ಜಾಗ ಇದೇ ತಾಲ್ಲೂಕು. 100 ಅಂಗನವಾಡಿಗಳು. ತುರ್ತು ಪರಿಸ್ಥಿತಿಯ ಕಾಲ, ದೇವರಾಜ ಅರಸರು ಮುಖ್ಯಮಂತ್ರಿ. ಆ ಮೊದಲ ಚಾಪೆಗಳ ಮೇಲೆ ಕೂತು ತಿಂದ ಕೂಸುಗಳು ಈಗ ಅಜ್ಜಿ ತಾತ ಆಗಿದ್ದಾರೆ. ರಾಜ್ಯಕ್ಕೆಲ್ಲ ಮೊದಲು ಅಂಗನವಾಡಿ ಕಂಡ ಈ ಸೀಮೆಯಲ್ಲಿ ಐವತ್ತು ವರ್ಷ ತುಂಬಿದ ವರ್ಷವೇ ತಾಯಂದಿರ ಮೊಕ ಹೊಂದದೆ ಹೋಯಿತು.

ನಮ್ಮ ಹೆಂಗಸರು ಆ ಪುಡಿ ಪೊಟ್ಟಣಕ್ಕೆ ಇಟ್ಟಿರುವ ಹೆಸರು ಬೂಸಾ. ‘ಮೇಡಮ್ಮ, ಈ ತಿಂಗ್ಳು ಬೂಸಾ ಬಂತಾ?’ ಅಂತಾರೆ. ಕೆಲವರು ಹಸುವಿಗೂ ಇಡುತ್ತಾರೆ, ಸುಳ್ಳಲ್ಲ. 1973ರಲ್ಲಿ ಮೈಸೂರಿನ ಸಭೆಯಲ್ಲಿ ಬಸವಲಿಂಗಪ್ಪನವರು ಬೂಸಾ ಎಂಬ ಒಂದು ಮಾತು ಆಡಿದ್ದಕ್ಕೆ ರಾಜ್ಯವೆಲ್ಲ ಹೊತ್ತಿಕೊಂಡು ಅವರ ಮಂತ್ರಿಗಿರಿ ಹೋಯಿತು. ಅದು ಸಾಹಿತ್ಯದ ಬೂಸಾ. ಕೂಸಿನ ಬಾಯಿಗೆ ಹೋಗುವುದನ್ನೇ ಕೇರಿಯ ಹೆಂಗಸರು ಬೂಸಾ ಅನ್ನುತ್ತಿದ್ದಾರೆ, ಒಂದು ಕುರ್ಚಿಯೂ ಅಲ್ಲಾಡಿಲ್ಲ.

ಯಾಕೆ ಬೂಸಾ ಆಗುತ್ತದೆ ಅಂದರೆ ದುಡ್ಡಿನ ಲೆಕ್ಕ ನೋಡಬೇಕು. ತಾಯಂದಿರ ಸಭೆಯಲ್ಲಿ ನಾನು ಇದನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತೇನೆ. ಒಂದು ಕೂಸಿಗೆ ಒಂದು ದಿನಕ್ಕೆ 2017ರಲ್ಲಿ ಗೊತ್ತು ಮಾಡಿದ್ದು 8 ರೂಪಾಯಿ. ನಾಲ್ಕು ಡೆಲ್ಲಿಯದು, ನಾಲ್ಕು ರಾಜ್ಯದ್ದು. ತೀರಾ ಬಡಕಲಾದ ಕೂಸಿಗೆ 12. ಬಸುರಿ ಬಾಣಂತಿಗೆ ಒಂಬತ್ತೂವರೆ. 2022ರಲ್ಲಿ ‘ಪೋಷಣ್ 2.0’ ಎಂದು ಹೊಸ ಹೆಸರಿಟ್ಟು ದಪ್ಪನೆಯ ಮಾರ್ಗಸೂಚಿ ಕಳಿಸಿದರು, ಒಳಗೆ ಅದೇ ಎಂಟು, ಅದೇ ಹನ್ನೆರಡು, ಅದೇ ಒಂಬತ್ತೂವರೆ. ಐದು ವರ್ಷದಲ್ಲಿ ಬೇಳೆ ಏರಿತು, ಎಣ್ಣೆ ಏರಿತು, ಗ್ಯಾಸು ಏರಿತು, ಯೋಜನೆಯ ಹೆಸರೂ ಏರಿತು. ಕೂಸಿನ ಬೆಲೆ ಮಾತ್ರ ನಿಂತಲ್ಲೇ ನಿಂತಿತು. ಅಂಗಡಿಯಲ್ಲಿ ಒಂದು ಮೊಟ್ಟೆ ಆರೇಳು ರೂಪಾಯಿ ಆದಾಗ ಮಿಕ್ಕ ಚಿಲ್ಲರೆಯಲ್ಲಿ ಏನು ಬೇಯಿಸುವುದು? ‘ಎಂಟ್ರೂಪಾಯ್ಗೆ ಒಂದ್ ಟೀನೂ ಬರಕಿಲ್ವಲ್ಲವ್ವ’ ಎಂದು ಒಬ್ಬ ಅಜ್ಜಿ ಕೇಳಿದಳು. ಆ ಅಜ್ಜಿ ಹಣಕಾಸು ಮಂತ್ರಿಯಾಗಿದ್ದರೆ ಚೆನ್ನಾಗಿತ್ತು.

ಅದಕ್ಕೂ ಮುಂಚೆ 2015ರ ಬಜೆಟ್ಟಿನಲ್ಲಿ ಈ ಯೋಜನೆಗೆ 18 ಸಾವಿರ ಕೋಟಿ ಚಿಲ್ಲರೆ ಇದ್ದದ್ದನ್ನು 8 ಸಾವಿರ ಕೋಟಿ ಚಿಲ್ಲರೆಗೆ ಇಳಿಸಿದ್ದರು. ಗಲಾಟೆಯಾದ ಮೇಲೆ ಒಂದಷ್ಟು ವಾಪಸ್ ಸೇರಿಸಿದರು. ನಮ್ಮಂಥವರ ಗೌರವಧನ, ಕೇಂದ್ರದ ಖರ್ಚು ಇವುಗಳಲ್ಲಿ ಡೆಲ್ಲಿಯ ಪಾಲು ನೂರಕ್ಕೆ 90 ಇದ್ದದ್ದು 60 ಆಯಿತು. ಡೆಲ್ಲಿ ಹೆಗಲು ಜಾರಿಸಿತು, ಬೆಂಗಳೂರು ಗೊಣಗಿತು. ಇಬ್ಬರ ನಡುವಿನ ಪಾಲಿನ ಜಗಳವನ್ನು ಕೇರಿಯ ತಾಯಿಗೆ ಅರ್ಥ ಮಾಡಿಸುವ ಕೆಲಸ ಮಾತ್ರ ನಮ್ಮದು. ಅದಕ್ಕೆ ಭತ್ಯೆ ಇಲ್ಲ.

ಈಗ ಕೂಸು ನೋಡಿಕೊಳ್ಳುವ ಮಾತು. ನನಗೆ ಪೊಟ್ಟಣಕ್ಕಿಂತ ಇದು ದೊಡ್ಡದೆನಿಸುತ್ತದೆ.

ಅಂಗನವಾಡಿ ನಾಲ್ಕು ಗಂಟೆಗೆ ಮುಚ್ಚುತ್ತದೆ. ನಂಜನಗೂಡಿನ ಫ್ಯಾಕ್ಟರಿಗೆ ಹೋದ ಹೆಂಗಸು ಬಸ್ ಹಿಡಿದು ಮನೆ ಸೇರುವಾಗ ಕತ್ತಲು. ಕಳೆ ಕೀಳಲು ಹೋದವಳಿಗೂ ಗದ್ದೆಯವನು ಗಡಿಯಾರ ನೋಡಿ ಬಿಡುವುದಿಲ್ಲ. ಮೂರು ವರ್ಷ ತುಂಬದ ಕೂಸಿಗಂತೂ ಪೊಟ್ಟಣ ಉಂಟು, ಕೂರುವ ಚಾಪೆ ಇಲ್ಲ. ಹಾಗಾದರೆ ಅದನ್ನು ಯಾರು ನೋಡಿಕೊಳ್ಳುತ್ತಾರೆ? ಅಕ್ಕ. ಐದನೇ ಕ್ಲಾಸಿನ, ಆರನೇ ಕ್ಲಾಸಿನ ಅಕ್ಕ. ನಾಟಿ ಸಮಯದಲ್ಲಿ ನಮ್ಮ ಕೇರಿಯ ಹೆಣ್ಣುಮಕ್ಕಳ ಹಾಜರಿ ತೆಗೆದು ನೋಡಿ. ಸೊಂಟದಲ್ಲಿ ತಮ್ಮನನ್ನು ಏರಿಸಿಕೊಂಡು ಸ್ಕೂಲಿನ ಕಾಂಪೌಂಡಿನ ಆಚೆ ನಿಂತು ಒಳಗಿನ ಮಗ್ಗಿ ಕೇಳಿಸಿಕೊಳ್ಳುವ ಹುಡುಗಿಯರನ್ನು ನಾನು ಕಂಡಿದ್ದೇನೆ. ಒಂದು ವರ್ಷ ನಾನೇ ಹಾಗೆ ನಿಂತಿದ್ದವಳು.

ಇದಕ್ಕೆ ಕಾನೂನು ಇಲ್ಲದೆ ಇಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲೇ ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಕೂಸುಗಳಿಗೆ ಕೋಣೆ ಬೇಕು ಎಂದು ಬರೆದಿತ್ತು. 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿ ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಕೂಸು ಬಂದರೆ ನೋಡಿಕೊಳ್ಳಲು ಒಬ್ಬಳಿಗೆ ಕೂಲಿ ಕೊಟ್ಟು ಕೂರಿಸಬೇಕು ಎಂದಿತ್ತು. ನಮ್ಮ ಕಡೆ ಕೂಸುಗಳು ಮರಕ್ಕೆ ಕಟ್ಟಿದ ಸೀರೆ ಜೋಲಿಯಲ್ಲೇ ಬೆಳೆದವು. ಕೇಂದ್ರದ ಶಿಶುವಿಹಾರದ ಯೋಜನೆ 2006ರಲ್ಲಿ ಒಂದು ಹೆಸರಿನಲ್ಲಿ ಬಂತು, 2017ರಲ್ಲಿ ಇನ್ನೊಂದು ಹೆಸರಾಯಿತು, 2022ರಲ್ಲಿ ‘ಪಾಲನಾ’ ಆಯಿತು. 2017ರ ನಿಯಮದಲ್ಲಿ ತಿಂಗಳ ಶುಲ್ಕವನ್ನೂ ಇಟ್ಟರು: ಬಡತನ ರೇಖೆಯ ಕೆಳಗಿನವರಿಗೆ 20 ರೂಪಾಯಿ, ತಂದೆ ತಾಯಿ ಇಬ್ಬರದೂ ಸೇರಿ ತಿಂಗಳಿಗೆ 12 ಸಾವಿರದವರೆಗೆ ದುಡಿದರೆ 100, ಅದಕ್ಕೂ ಮೇಲೆ 200. ಗಂಡ ಗಾರೆ, ಹೆಂಡತಿ ಗಾರ್ಮೆಂಟ್ಸು, ಇಬ್ಬರೂ ಮುರಿದುಕೊಂಡು ದುಡಿದ ತಿಂಗಳು ಅವರು ‘ಮೇಲಿನವರು’! ಖರ್ಚಿನಲ್ಲಿ ಡೆಲ್ಲಿಗೆ 60, ರಾಜ್ಯಕ್ಕೆ 30, ಉಳಿದ 10 ನಡೆಸುವ ಸಂಸ್ಥೆಯವರ ತಲೆಗೆ. ಕೈಯಿಂದ ಹಾಕಿ ನಡೆಸುವ ಶಕ್ತಿ ಎಷ್ಟು ಜನಕ್ಕೆ ಉಂಟು?

2023ರಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯ್ತಿಗಳಲ್ಲಿ ‘ಕೂಸಿನ ಮನೆ’ ಮಾಡುತ್ತೇವೆ ಎಂದಿತು. ಹೆಸರು ಚೆಂದ, ಯೋಚನೆಯೂ ಚೆಂದ, ಒಪ್ಪುತ್ತೇನೆ. ಆದರೆ ಅಲ್ಲಿ ನೋಡಿಕೊಳ್ಳುವ ಹೆಂಗಸರಿಗೆ ಗೊತ್ತು ಮಾಡಿದ್ದು ಉದ್ಯೋಗ ಖಾತರಿಯ ಕೂಲಿ, ಅದೂ ದಿನದ ಲೆಕ್ಕದಲ್ಲಿ. ಅವರ ನೂರು ದಿನ ಮುಗಿದ ಮೇಲೆ ಕೂಸು ಬೆಳೆಯುವುದನ್ನು ನಿಲ್ಲಿಸುತ್ತದೆಯೇ? 2025ರ ಡಿಸೆಂಬರಿನಲ್ಲಿ ಆ 2005ರ ಕಾಯ್ದೆಯ ಜಾಗಕ್ಕೇ ಬೇರೆ ಕಾಯ್ದೆಯನ್ನು ಪಾರ್ಲಿಮೆಂಟಿನಲ್ಲಿ ಪಾಸು ಮಾಡಿದರು. ಬಾಡಿಗೆ ನೆಲದ ಮೇಲೆ ಕಟ್ಟಿದ ಕೂಸಿನ ಮನೆ.

ಜಾತಿಯ ಮಾತು ಬಿಟ್ಟು ಅಂಗನವಾಡಿಯ ಮಾತು ಆಡಲಾಗುವುದಿಲ್ಲ. ಕಟ್ಟಡ ಊರೊಳಗಿದ್ದರೆ ಕೇರಿಯ ಕೂಸು ಬಾಗಿಲಲ್ಲೇ ಕೂರುತ್ತದೆ. ಕಟ್ಟಡ ಕೇರಿಯಲ್ಲಿದ್ದರೆ ಊರ ಕೂಸು ಬರುವುದೇ ಇಲ್ಲ. ಪೊಟ್ಟಣ ಬರುತ್ತದೆ, ಮೊಟ್ಟೆ ಹೋಗುತ್ತದೆ, ಅನ್ನ ಮುಟ್ಟುವುದಿಲ್ಲ. 2017ರ ಅಕ್ಟೋಬರಿನಲ್ಲಿ ‘ಮಾತೃಪೂರ್ಣ’ ಬಂದು ಬಸುರಿಯರು ಅಂಗನವಾಡಿಗೇ ಬಂದು ಬಿಸಿಯೂಟ ಮಾಡಲಿ ಎಂದಾಗ ಕೂಲಿಯವಳಿಗೆ ಗದ್ದೆ ಬಿಟ್ಟು ಬರಲಾಗಲಿಲ್ಲ, ಮೇಲುಜಾತಿಯವಳಿಗೆ ನಮ್ಮವರ ಕೈ ಅನ್ನ ಒಳಗಿಳಿಯಲಿಲ್ಲ. ಬಾರದ ಕಾರಣ ಬರೆಯುವ ಕಲಮಿನಲ್ಲಿ ಇಬ್ಬರಿಗೂ ಒಂದೇ ಮಾತು ಬರೆಸಿದರು: ದೂರ. ಎರಡನೆಯವಳ ಮನೆ ನಮ್ಮ ಬಾಗಿಲಿಂದ ನೂರು ಹೆಜ್ಜೆ.

ಸುಪ್ರೀಂ ಕೋರ್ಟು 2004ರಲ್ಲೇ ಹೇಳಿದೆ, ಪರಿಶಿಷ್ಟರ ಕೇರಿ ಹಾಡಿಗಳಲ್ಲೆಲ್ಲ ಅಂಗನವಾಡಿ ಆಗಬೇಕು, ಆಹಾರ ಪೂರೈಕೆಗೆ ಗುತ್ತಿಗೆದಾರರು ಕೂಡದು ಎಂದು. 2006ರಲ್ಲಿ ಇನ್ನೂ ಮುಂದೆ ಹೋಗಿ, ಆರು ವರ್ಷದೊಳಗಿನ 40 ಮಕ್ಕಳಿದ್ದು ಕೇಂದ್ರವಿಲ್ಲದ ಕಡೆ ಜನ ಕೇಳಿದ ಮೂರು ತಿಂಗಳೊಳಗೆ ಕೊಡಬೇಕು ಎಂದಿತು. ಕೇಳಿದವರು ಯಾರು? ನಾವು ಬಾಬಾಸಾಹೇಬರ ಫೋಟೋ ಮೆರವಣಿಗೆಗೆ ಟ್ರ್ಯಾಕ್ಟರ್ ಕೇಳಿದ್ದೇವೆ, ಇದನ್ನು ಕೇಳಿಲ್ಲ. ಬಾಬಾಸಾಹೇಬರು 1928ರಲ್ಲಿ ಬೊಂಬಾಯಿ ಶಾಸನ ಸಭೆಯಲ್ಲಿ ಹೆರಿಗೆ ಸೌಲಭ್ಯದ ಮಸೂದೆಯ ಪರವಾಗಿ ಎದ್ದು ನಿಂತವರು. ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ, ಅದರ ಭಾರದ ದೊಡ್ಡ ಪಾಲನ್ನು ಸರ್ಕಾರ ಹೊರಬೇಕು ಎಂದು ವಾದಿಸಿದವರು. ಆ ಫೋಟೋ ನಮ್ಮ ಸಭೆಗಳಲ್ಲಿ ಯಾಕೋ ಕಾಣುವುದಿಲ್ಲ.

ಆದ್ದರಿಂದ ಗೆಳೆಯರಿಗೆ ನನ್ನ ಉತ್ತರ ತಡವಾಗಿ ಹೀಗೆ. ಇದು ಭಿಕ್ಷೆಯಲ್ಲ, ಬಾಯಿ ಕಟ್ಟುವ ಪೊಟ್ಟಣವೂ ಅಲ್ಲ. 2013ರ ಆಹಾರ ಭದ್ರತಾ ಕಾಯ್ದೆಯ 5ನೇ ಕಲಮಿನಲ್ಲಿ ಆರು ತಿಂಗಳಿಂದ ಆರು ವರ್ಷದ ಕೂಸಿಗೆ ಅಂಗನವಾಡಿಯ ಊಟ ಪುಕ್ಕಟೆ ಹಕ್ಕು ಎಂದಿದೆ. 8ನೇ ಕಲಮಿನಲ್ಲಿ, ಊಟ ಕೊಡದೆ ಹೋದರೆ ಅದರ ಬದಲು ಭತ್ಯೆ ಕೊಡಬೇಕು ಎಂದಿದೆ. ಮೊಕ ಹೊಂದಿದವರಿಗೆ ಮಾತ್ರ ಎಂದು ಆ ಎರಡು ಕಲಮಿನಲ್ಲೂ ಇಲ್ಲ. ಯಂತ್ರ ಒಪ್ಪದೆ ವಾಪಸ್ ಬಂದ ತಾಯಂದಿರೇ, ಸುಮ್ಮನೆ ಹೋಗಬೇಡಿ, ನಮ್ಮನ್ನು ಬೈದೂ ಹೋಗಬೇಡಿ. ಎಂದು ಬಂದಿರಿ, ಏನು ಸಿಗಲಿಲ್ಲ, ಯಾಕೆ ಸಿಗಲಿಲ್ಲ ಎಂದು ಒಂದು ಹಾಳೆಯಲ್ಲಿ ಬರೆಸಿ ನಮ್ಮ ಸಹಿ ಕೇಳಿ. ಆ ಹಾಳೆ ಜಿಲ್ಲೆಯ ಕುಂದುಕೊರತೆ ಅಧಿಕಾರಿಗೆ ಹೋಗಲಿ. ನಾನು ಸಹಿ ಹಾಕುತ್ತೇನೆ. ನೋಟೀಸು ಬಂದರೆ ಬರಲಿ. ಬಂದಾಗ ಜೊತೆಗೆ ನಿಲ್ಲುವವರು ಸಂಘಟನೆಯಲ್ಲಿ ಯಾರ್ಯಾರು ಎಂದು ಈಗಲೇ ತಿಳಿಸಿದರೆ ಒಳ್ಳೆಯದು.

ನಾಟಿಯ ಆ ಅಕ್ಕನ ಮನೆಗೆ ಮಾರನೇ ದಿನ ಹೋಗಿದ್ದೆ. ‘ಬಾ ಕೂತ್ಕೊ’ ಅನ್ನಲಿಲ್ಲ. ಹಾಳೆ ಬರೆದು ಓದಿ ಹೇಳಿದೆ. ಒಂದು ಗಳಿಗೆ ಸುಮ್ಮನಿದ್ದು ಹೆಬ್ಬೆಟ್ಟು ಒತ್ತಿದಳು. ‘ಇದಾರೂ ಹೊಂದ್ತದ?’ ಅಂದಳು.

ಇನ್ನೊಂದು ಮಾತು. ನಮ್ಮ ಸಭೆಗಳಲ್ಲಿ ಹೆಂಗಸರು ಕೂಸು ಅತ್ತಾಗ ಎದ್ದು ಆಚೆ ಹೋಗುತ್ತಾರೆ, ಠರಾವು ಓದುವ ಹೊತ್ತಿಗೆ ಒಳಗಿರುವುದಿಲ್ಲ. ಮುಂದಿನ ಸಭೆಗೆ ನಾನು ಅಂಗನವಾಡಿಯ ಹಳೇ ಜಮಖಾನ ತರುತ್ತೇನೆ, ವೇದಿಕೆಯ ಪಕ್ಕದಲ್ಲೇ ಹಾಸುತ್ತೇನೆ. ಕೂಸು ನೋಡಿಕೊಳ್ಳುವ ಸರದಿ ಗಂಡಸರದು, ತಲಾ ಅರ್ಧ ಗಂಟೆ. ಮೊದಲ ಸರದಿಗೆ ನಮ್ಮನ್ನು ಏಜೆಂಟರು ಎಂದ ಗೆಳೆಯರ ಹೆಸರನ್ನೇ ಬರೆದಿದ್ದೇನೆ. ಉಳಿದವರು ಚೀಟಿ ಕಳಿಸಿ.