ಮಟ್‌ನಲ್ಲಿ ಕನ್ನಡ ಮೇಲ್, ಮತ್ತು ಕಾಕಾನ ಎಂಟು ಸಾವಿರ ರೂಪಾಯಿ

ಬ್ಲಾಗಿಗೆ ಧೂಳು ಹಿಡಿದು ಬಹಳ ದಿನ ಆಯ್ತು. ಬರೀಬೇಕು ಅಂದ್ಕೊಂಡ ವಿಷಯಗಳೆಲ್ಲ ತಲೆಯಲ್ಲೇ ಕೂತು ಹಳತಾಗ್ತಿವೆ. ಇದೊಂದನ್ನಾದರೂ ಬರೆದು ಮುಗಿಸೋಣ ಅಂತ ಇವತ್ತು ಕೂತಿದ್ದೀನಿ. ಶುರುವಿನಲ್ಲಿ ಸ್ವಲ್ಪ ಟೆಕ್ನಿಕಲ್ ಅನ್ನಿಸಿದ್ರೆ ಬೇಜಾರು ಮಾಡ್ಕೋಬೇಡಿ, ಮುಂದೆ ಊರಿನ ಕಥೇನೂ ಇದೆ.

ನಾನು ಮೇಲ್ ಓದೋದು ಮಟ್ ಅನ್ನೋ ಪ್ರೋಗ್ರಾಮಿನಲ್ಲಿ. 1995ರಲ್ಲಿ ಮೈಕೆಲ್ ಎಲ್ಕಿನ್ಸ್ ಅನ್ನೋರು ಬರೆದದ್ದು, ಟರ್ಮಿನಲ್ಲಿನ ಒಳಗೇ ನಡೆಯುತ್ತೆ. ಕರಿ ಪರದೆ, ಬಿಳಿ ಅಕ್ಷರ, ಮೌಸಿಗೆ ಕೆಲಸವೇ ಇಲ್ಲ. ಬಾಗಲಕೋಟೆ ನವನಗರದ ನಮ್ಮ ಆಫೀಸಿನ ಹುಡುಗರು ಹಿಂದೆ ಬಂದು ನಿಂತು, "ಏನ್ರೀ ಸರ್, ರೈಲ್ವೆ ಸ್ಟೇಷನ್ನಿನ ಟಿಕೆಟ್ ಕೌಂಟರ್ ಇದ್ದಂಗ ಐತಲ್ರೀ" ಅಂತ ನಗ್ತಾರೆ. ನಗಲಿ ಬಿಡಿ :-)

ಈಗ ಬರೋ ಮೇಲುಗಳೆಲ್ಲ ಹೆಚ್ಚೂಕಡಿಮೆ ಎಚ್‌ಟಿಎಂಎಲ್. ಅಂದ್ರೆ ಒಂದೊಂದು ಮೇಲೂ ಒಂದೊಂದು ಪುಟ್ಟ ವೆಬ್ ಪುಟ. ಬಣ್ಣ, ಬಟನ್, ಚಿತ್ರ, ಕೋಷ್ಟಕದೊಳಗೆ ಕೋಷ್ಟಕ. ಒಳ್ಳೆ ಕಡೆಯಿಂದ ಬಂದ ಮೇಲ್ ಆದ್ರೆ ಒಂದೇ ಲಕೋಟೆಯಲ್ಲಿ ಎರಡು ಪ್ರತಿ ಇರ್ತವೆ, ಒಂದು ಬರೀ ಪಠ್ಯ, ಇನ್ನೊಂದು ಎಚ್‌ಟಿಎಂಎಲ್. 1992ರಲ್ಲಿ ಮೈಮ್ ಅನ್ನೋ ಮಾನಕ ಬಂದಾಗಿನಿಂದ ಇರೋ ವ್ಯವಸ್ಥೆ ಇದು. ಸರಳವಾದದ್ದು ಮೊದಲು, ಅಲಂಕಾರದ್ದು ಆಮೇಲೆ, ಓದೋ ಪ್ರೋಗ್ರಾಮು ತನಗೆ ಬರೋದ್ರಲ್ಲಿ ಕೊನೇದನ್ನ ತೋರಿಸಬೇಕು ಅಂತ ನಿಯಮ. ನಾನು ಮಟ್‌ಗೆ ಉಲ್ಟಾ ಹೇಳಿಟ್ಟಿದ್ದೀನಿ, ಪಠ್ಯ ಇದ್ರೆ ಅದನ್ನೇ ತೋರಿಸು ಅಂತ. ಅದು ಇಲ್ಲದಿದ್ರೆ ಎಚ್‌ಟಿಎಂಎಲ್ ಭಾಗವನ್ನ ಡಬ್ಲ್ಯು3ಎಂ ಅಥವಾ ಲಿಂಕ್ಸ್ ಅನ್ನೋ ಟರ್ಮಿನಲ್ ಬ್ರೌಸರಿನ ಕೈಗೆ ಕೊಟ್ಟು, ಬಣ್ಣ ಎಲ್ಲ ಒರೆಸಿ, ಬರೀ ಅಕ್ಷರ ವಾಪಸ್ ತರೋದು. ಮೇಲ್‌ಕ್ಯಾಪ್ ಫೈಲಿನಲ್ಲಿ ಒಂದು ಸಾಲು, ಮಟ್‌ನ ಸೆಟ್ಟಿಂಗ್ ಫೈಲಿನಲ್ಲಿ ಎರಡು ಸಾಲು. ಅಷ್ಟೇ ಕೆಲಸ.

ಇದ್ರಿಂದ ಏನು ಲಾಭ? ಬೇಗ ಬೇಗ ಹೇಳ್ತೀನಿ. ಚಿತ್ರಗಳು ಸರ್ವರಿನಿಂದ ಇಳಿಯೋದೇ ಇಲ್ಲ. ಹಾಗಾಗಿ ಒಂದು ಚುಕ್ಕಿಯಷ್ಟು ಕಾಣದ ಚಿತ್ರ ಹಾಕಿ "ಇವನು ಮೇಲ್ ತೆಗೆದು ನೋಡಿದ" ಅಂತ ಲೆಕ್ಕ ಇಡೋರಿಗೆ ನನ್ನಿಂದ ಏನೂ ಸಿಗಲ್ಲ. 2018ರಲ್ಲಿ ಈಫೇಲ್ ಅನ್ನೋ ದೋಷ ಬಯಲಿಗೆ ಬಂತಲ್ಲ, ಬೀಗ ಹಾಕಿದ ಮೇಲುಗಳ ಒಳಗಿನ ಮಾತು ಸೋರಿಹೋಗೋ ಹಾಗಾಗಿತ್ತು, ಅದಕ್ಕೂ ಮುಖ್ಯ ದಾರಿ ಎಚ್‌ಟಿಎಂಎಲ್ ತೋರಿಸೋದೇ ಆಗಿತ್ತು. ಮೂರನೇದು ಲಿಂಕು. ಲಿಂಕ್ಸ್ ಬ್ರೌಸರು ಮೇಲನ್ನ ಪಠ್ಯ ಮಾಡುವಾಗ ಪ್ರತಿ ಕೊಂಡಿಯ ನಿಜವಾದ ವಿಳಾಸವನ್ನ ನಂಬರ್ ಹಾಕಿ ಕೆಳಗೆ ಸಾಲಾಗಿ ಬರೆದು ಕೊಡುತ್ತೆ. ಹೋದ ವರ್ಷ ಇಳಕಲ್ಲಿನಿಂದ ತಮ್ಮ (ಕಾಕಾನ ಮಗ, ಸೀರೆ ಅಂಗಡಿ ಈಗ ಅವನೇ ನೋಡ್ಕೊಳ್ಳೋದು) ಒಂದು ಮೇಲ್ ನನಗೆ ಕಳಿಸಿ, "ಅಣ್ಣಾ, ಬ್ಯಾಂಕಿನವರು ಏನೋ ಅಪ್‌ಡೇಟ್ ಕೇಳ್ಯಾರ, ಒತ್ಲೇನು?" ಅಂದ. ಅವನ ಫೋನಿನಲ್ಲಿ ಚೆಂದದ ನೀಲಿ ಬಟನ್, ಮೇಲೆ ಬ್ಯಾಂಕಿನ ಚಿಹ್ನೆ. ನನ್ನ ಪರದೆ ಮೇಲೆ ಬಟನ್ನೂ ಇಲ್ಲ ಚಿಹ್ನೇನೂ ಇಲ್ಲ, ಕೆಳಗೆ ಯಾವುದೋ ದೇಶದ, ಬ್ಯಾಂಕಿಗೂ ತನಗೂ ಸಂಬಂಧವೇ ಇಲ್ಲದ ಒಂದು ವಿಳಾಸ. ಒತ್ತಬ್ಯಾಡಪಾ ಅಂದೆ.

ನಮ್ಮ ಕಾಕಾ ಅಂಗಡಿಗೆ ಬಂದ ಹೊಸಬರಿಗೆ ಹೇಳ್ತಿದ್ದ ಮಾತು ನೆನಪಾಗುತ್ತೆ. "ಸೆರಗ ನೋಡಿ ಮಳ್ಳ ಆಗಬ್ಯಾಡ್ರಿ, ಹೊಳ್ಳಿಸಿ ನೋಡ್ರಿ." ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸಿರ್ತಾರೆ. ಕೊಂಡಿ ಸರಿ ಬಿದ್ದಿದೆಯೋ ಇಲ್ವೋ ಅನ್ನೋದು ತಿರುವಿ ನೋಡಿದ್ರೇನೇ ಗೊತ್ತಾಗೋದು.

ಇಷ್ಟು ಹೊತ್ತು ನಾನು ಹೇಳಿದ್ದೆಲ್ಲ ಇಂಗ್ಲಿಷ್ ಮೇಲಿಗೆ ಸರಿ. ಇದನ್ನೇ ವರ್ಷಗಟ್ಟಲೆ ಎಲ್ಲರಿಗೂ ಉಪದೇಶ ಮಾಡ್ಕೊಂಡು ಓಡಾಡ್ತಿದ್ದೆ. ಕನ್ನಡಕ್ಕೆ ಬಂದಾಗ ನನ್ನ ವಾದ ನನಗೇ ತಿರುಗಿಬಿತ್ತು. ಅದನ್ನ ಹೇಳೋಕೇ ಈ ಪೋಸ್ಟು.

ಕಾಕಾ 2003ರಿಂದ 2005ರವರೆಗೆ ನನಗೆ ಮೇಲ್ ಬರೀತಿದ್ದ. ನಾನು ಆಗ ಬೆಂಗಳೂರಿನಲ್ಲಿ. ಅವನಿಗೆ ಕಂಪ್ಯೂಟರ್ ಬರ್ತಿರಲಿಲ್ಲ, ಆದ್ರೆ ಪತ್ರ ಬರೆಯೋ ಹುಚ್ಚು. ವಾರಕ್ಕೊಮ್ಮೆ ಒಂದು ಇಂಟರ್ನೆಟ್ ಸೆಂಟರಿಗೆ ಹೋಗಿ ಕೂತು ಹೇಳ್ತಿದ್ದ, ಅಲ್ಲಿನ ಹುಡುಗ ಟೈಪ್ ಮಾಡ್ತಿದ್ದ. ಮಳೆ, ನೂಲಿನ ರೇಟು, ಯಾರ ಮನೆ ಮದುವೆ, ಹುನಗುಂದದ ಕಚೇರಿಗೆ ಎಷ್ಟು ಸಲ ಅಲೆದದ್ದು (ಆಗ ಇಳಕಲ್ ಹುನಗುಂದ ತಾಲೂಕಿನಲ್ಲೇ ಇತ್ತು, ತಾನೇ ಒಂದು ತಾಲೂಕು ಆಗಿದ್ದು ಆಮೇಲೆ). ಎಲ್ಲ ಕನ್ನಡದಲ್ಲಿ. ನಾನು ವಿಂಡೋಸಿನಲ್ಲಿ ತೆಗೆದು ಓದಿ, ಒಂದೆರಡು ಸಾಲು ಉತ್ತರ ಕುಟ್ಟಿ ಸುಮ್ಮನಾಗ್ತಿದ್ದೆ. ಈಗ ನೆನೆಸಿದ್ರೆ ಬೇಸರ ಆಗುತ್ತೆ. ಕಾಕಾ ಹೋಗಿ ಹನ್ನೊಂದು ವರ್ಷ ಆಯ್ತು.

ಮೊನ್ನೆ ತಮ್ಮನ ಫೋನು. "ಅಣ್ಣಾ, ಅಪ್ಪಾ ನಿನಗ ಮೇಲ್ ಬರಸ್ತಿದ್ನಲ್ಲ, ಅದರಾಗ ಎಂಟು ಸಾವಿರದ್ದು ಏನರ ಐತೇನು ನೋಡು." ವಿಷಯ ಏನಂದ್ರೆ, ನಮ್ಮ ಅಂಗಡಿಗೆ ನೇಯ್ತಿದ್ದ ಒಂದು ಮಗ್ಗದ ಮನೆಯವರು ಮುಂಗಡ ತಗೊಂಡಿದ್ರು. ನೇಯುವವರು ತೀರಿಕೊಂಡ ಮೇಲೆ ಅವರ ಹೆಂಡತಿ, ಅದು ಆವಾಗಲೇ ತೀರಿದೆ ಅಂತ. ಅಂಗಡಿ ವಹಿಯಲ್ಲಿ ಬಾಕಿ ಅಂತಲೇ ಇದೆ. ಜಗಳ ದೊಡ್ಡದಲ್ಲ, ಆದ್ರೆ ಎರಡು ಮನೆ ನಡುವೆ ಮಾತು ನಿಂತು ಎಷ್ಟೋ ವರ್ಷ ಆಗಿತ್ತು. ಈಗ ಆ ಮನೆಯಲ್ಲಿ ಮೊಮ್ಮಗಳ ಮದುವೆ. ತಮ್ಮನಿಗೆ ಹೋಗಬೇಕು ಅನ್ನೋ ಮನಸ್ಸು, ಯಾವ ಮುಖ ಹೊತ್ತು ಹೋಗೋದು ಅಂತ ಅಳುಕು.

ಹಳೇ ಮೇಲೆಲ್ಲ ನನ್ನ ಹತ್ರ ಇವೆ. ಮಟ್‌ನಲ್ಲಿ ತೆಗೆದೆ. ಪಠ್ಯ ಭಾಗ ಬಂತು.. ಬರೀ ಕಸ! ತಲೆ ಮೇಲೆ ಗೀಟು, ಚುಕ್ಕಿ, ಟೋಪಿ ಹಾಕ್ಕೊಂಡ ಇಂಗ್ಲಿಷ್ ಅಕ್ಷರಗಳ ಸಂತೆ. ಎಚ್‌ಟಿಎಂಎಲ್ ಭಾಗವನ್ನ ಡಬ್ಲ್ಯು3ಎಂಗೆ ಕೊಟ್ಟೆ, ಅದೇ ಕಸ ವಾಪಸ್ ಬಂತು. ನಡುನಡುವೆ ಅಂಕಿಗಳು ಮಾತ್ರ ನೆಟ್ಟಗೆ ಕಾಣ್ತಿದ್ವು. ಒಂದು ಮೇಲಿನಲ್ಲಿ 8000 ಅಂತ ಇತ್ತು, ಅದರ ಹಿಂದೆ ಮುಂದೆ ಏನಿದೆ ಅನ್ನೋದು ಗೊತ್ತಾಗ್ತಿಲ್ಲ. ಆ ರಾತ್ರಿ ನನಗಾದ ಸಂಕಟ ಹೇಳೋಕಾಗಲ್ಲ.

ಇಲ್ಲಿರೋ ಹಳಬರಿಗೆ ಗೊತ್ತಾಗಿರುತ್ತೆ. ಅದು ನುಡಿ ಫಾಂಟು. ಆ ಕಾಲದಲ್ಲಿ ನುಡಿ, ಬರಹ, ಇನ್ನೂ ಬೇರೆ ಬೇರೆ ಫಾಂಟುಗಳಲ್ಲಿ ಕನ್ನಡ ಬರೆದ್ರೆ ಒಳಗೆ ಕನ್ನಡ ಇರ್ತಾನೇ ಇರಲಿಲ್ಲ. ಪರದೆ ಮೇಲೆ ಕ ಕಾಣ್ತಿದ್ರೂ ಫೈಲಿನೊಳಗೆ ಇರೋದು ಇಂಗ್ಲಿಷಿನ ಪಿ, ಅದರ ಪಕ್ಕ ತಲೆ ಮೇಲೆ ಓರೆ ಗೀಟಿರೋ ಎ. ಆ ಎರಡನ್ನೂ ಕ ಥರ ಬಿಡಿಸಿ ತೋರಿಸ್ತಿದ್ದದ್ದು ಫಾಂಟು. ಮೇಲಿನಲ್ಲಿ ಆ ಫಾಂಟಿನ ಹೆಸರು ಎಲ್ಲಿರ್ತಿತ್ತು? ಎಚ್‌ಟಿಎಂಎಲ್‌ನ ಫಾಂಟ್ ಟ್ಯಾಗಿನಲ್ಲಿ! ಅಂದ್ರೆ ನಾನು ಬರೀ ಅಲಂಕಾರ, ಬೇಡದ ಬಟ್ಟೆ ಅಂತ ಇಪ್ಪತ್ತು ವರ್ಷ ಬೈಕೊಂಡು ಒರೆಸಿ ಹಾಕ್ತಿದ್ದೆನಲ್ಲ, ಅದೇ ಟ್ಯಾಗು ಕಾಕಾನ ಪತ್ರ ಕನ್ನಡದಲ್ಲಿದೆ ಅಂತ ಹೇಳ್ತಿದ್ದ ಒಂದೇ ಸಾಕ್ಷಿ.

ಬೇರೆ ದಾರಿ ಇರಲಿಲ್ಲವೇ ಅಂದ್ರೆ, ಇತ್ತು. 1991ರ ಮೊದಲ ಯುನಿಕೋಡ್ ಆವೃತ್ತಿಯಲ್ಲೇ ಕನ್ನಡ ಇದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟೂ ಇತ್ತು. ಆದ್ರೆ ಆ ಸೆಂಟರಿನಲ್ಲಿ ಇದ್ದದ್ದು ವಿಂಡೋಸ್ 98. ಹುಡುಗನಿಗೆ ಬರ್ತಿದ್ದದ್ದು ನುಡಿ. ಅವನನ್ನ ಬೈಯೋಕೆ ನನಗೆ ಬಾಯಿ ಬರಲ್ಲ, ಅವನು ಟೈಪ್ ಮಾಡಿರದಿದ್ರೆ ಪತ್ರವೇ ಇರ್ತಿರಲಿಲ್ಲ.

ಆಮೇಲೆ ಮಾಡಿದ್ದು ಇಷ್ಟು. ಮಟ್‌ನಲ್ಲಿ ವಿ ಒತ್ತಿದ್ರೆ ಮೇಲಿನ ಭಾಗಗಳ ಪಟ್ಟಿ ಬರುತ್ತೆ. ಎಚ್‌ಟಿಎಂಎಲ್ ಭಾಗವನ್ನ ಪಠ್ಯ ಮಾಡದೆ ಹಸಿಹಸಿಯಾಗೇ ತೆಗೆದು ನೋಡಿದೆ. ಫಾಂಟಿನ ಹೆಸರು ನುಡಿ ಅಂತ ಸಿಕ್ತು. ಕಸವನ್ನ ಫೈಲಿಗೆ ಉಳಿಸಿ, ಆಸ್ಕಿಯಿಂದ ಯುನಿಕೋಡಿಗೆ ತರೋ ಉಚಿತ ಪರಿವರ್ತಕಕ್ಕೆ ಹಾಕಿದೆ. ಒಂದು ಕ್ಷಣದಲ್ಲಿ ಕಾಕಾ ಮಾತಾಡೋಕೆ ಶುರು ಮಾಡಿದ. 2004ರ ಪತ್ರ. ಮಳೆ ಕೈಕೊಟ್ಟಿದ್ದು, ಅಮೀನಗಡದಿಂದ ಯಾರೋ ಕರದಂಟು ತಂದುಕೊಟ್ಟಿದ್ದು, ಅದರ ಕೆಳಗೆ ಆ ಮಗ್ಗದ ಮನೆಯವರು ಎಂಟು ಸಾವಿರದ ಲೆಕ್ಕಕ್ಕೆ ಸೀರೆ ಕೊಟ್ಟು ಮುಗಿಸಿದ್ರು, ವಹಿಯಲ್ಲಿ ಹೊಡೆದು ಹಾಕಬೇಕು, ಕನ್ನಡಕ ಒಡೆದಿದೆ, ಹೊಸದು ಬಂದ ಮೇಲೆ ಮಾಡ್ತೀನಿ ಅಂತ.

ಮಾಡಿರಲಿಲ್ಲ, ಮರೆತಿದ್ದ. ತಮ್ಮನಿಗೆ ಓದಿ ಹೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಮರುದಿನ ಒಂದು ಚಿಕ್ಕಿಪರಾಸ್ ದಡಿ ಸೀರೆ ತಗೊಂಡು ಆ ಮನೆಗೆ ಹೋಗಿಬಂದ. ಆ ಅಜ್ಜಿ ಏನಂದಳು ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಹಾಗಾದ್ರೆ ನನ್ನ ಅಭಿಪ್ರಾಯ ಬದಲಾಯ್ತಾ? ಇಲ್ಲ. ಇನ್ನೂ ಗಟ್ಟಿ ಆಯ್ತು, ಆದ್ರೆ ಬೈಗುಳದ ದಿಕ್ಕು ಬದಲಾಯ್ತು. ಮೊದಲು ಬಣ್ಣ ಹಾಕೋರನ್ನ ಬೈತಿದ್ದೆ. ಈಗ ನನ್ನ ತಕರಾರು ಬಣ್ಣ ತೆಗೆದ್ರೆ ಒಳಗೆ ಏನೂ ಉಳಿಯದ ಹಾಗೆ ಕನ್ನಡ ಕಳಿಸೋರ ಮೇಲೆ. ಆವಾಗ ಅನಿವಾರ್ಯ ಇತ್ತು. ಈಗ ಏನು ಕಾರಣ? ಪ್ರತಿ ಫೋನಿನಲ್ಲೂ ಯುನಿಕೋಡ್ ಇದೆ. ಆದ್ರೂ ನನಗೆ ಬರೋ ಕನ್ನಡ ಆಮಂತ್ರಣಗಳು, ಪುಸ್ತಕ ಬಿಡುಗಡೆ, ನಾಟಕ, ಉಪನ್ಯಾಸ, ಬಹಳಷ್ಟು ಒಂದೇ ಒಂದು ದೊಡ್ಡ ಚಿತ್ರ. ಡಿಟಿಪಿಯವರ ಹತ್ರ ಹಳೇ ಫಾಂಟಿನಲ್ಲಿ ಮಾಡಿಸೋದು, ಚಿತ್ರ ಮಾಡೋದು, ಮೇಲಿಗೆ ಅಂಟಿಸೋದು. ನನ್ನ ಪರದೆ ಮೇಲೆ ಬರೋದು ಖಾಲಿ ಹಾಳೆ. ಮಟ್ ಬಿಡಿ, ಅದು ನನ್ನ ಹಠ. ಕಣ್ಣು ಕಾಣದವರು ಸ್ಕ್ರೀನ್ ರೀಡರಿನಲ್ಲಿ ಮೇಲ್ ಕೇಳ್ತಾರಲ್ಲ, ಅವರಿಗೂ ಅದು ಖಾಲಿ ಹಾಳೆಯೇ. ನಾಳೆ ಹುಡುಕಿದ್ರೂ ಸಿಗಲ್ಲ.

ಬಾದಾಮಿ ನನ್ನ ಹೆಂಡತಿಯ ತವರು. ಬನಶಂಕರಿ ಜಾತ್ರೆಗೆ ಹೋದಾಗ ಕಪ್ಪೆ ಅರಭಟ್ಟನ ಶಾಸನ ನೋಡಿಕೊಂಡು ಬರೋದು ರೂಢಿ. ಸುಮಾರು 1300 ವರ್ಷ ಹಳೇದು. ನನಗೆ ಆ ಅಕ್ಷರ ಓದೋಕೆ ಬರಲ್ಲ ಅನ್ನೋದು ನಿಜ. ಆದ್ರೆ ಬಲ್ಲವರು ಓದ್ತಾರೆ, ಯಾಕಂದ್ರೆ ಬಂಡೆ ಮೇಲೆ ಕೊರೆದಿರೋದು ಅಕ್ಷರವನ್ನೇ. ಇಪ್ಪತ್ತು ವರ್ಷದ ಹಿಂದಿನ ನಮ್ಮ ಮೇಲಿನಲ್ಲಿ ಅಕ್ಷರ ಇಲ್ಲ, "ಇಲ್ಲಿ ಪಿ ಒತ್ತಿದ್ದೆ, ಫಾಂಟು ಮಿಕ್ಕಿದ್ದು ನೋಡ್ಕೊಳ್ಳುತ್ತೆ" ಅನ್ನೋ ಚೀಟಿ ಇದೆ.

ಟರ್ಮಿನಲ್ಲಿನ ತಪ್ಪನ್ನೂ ಹೇಳಿಬಿಡ್ತೀನಿ, ಇಲ್ಲದಿದ್ರೆ ನೀವೇ ಕೇಳ್ತೀರಿ. ಟರ್ಮಿನಲ್ ಅಂದ್ರೆ ಚೌಕಾಬಾರದ ಮನೆಗಳ ಹಾಗೆ, ಒಂದು ಅಕ್ಷರಕ್ಕೆ ಒಂದು ಮನೆ. ಕನ್ನಡದ ಒತ್ತಕ್ಷರ, ದೀರ್ಘ, ಅರ್ಕಾವತ್ತು ಇದಕ್ಕೆ ಬಗ್ಗಲ್ಲ. ಎಕ್ಸ್‌ಟರ್ಮ್‌ನಲ್ಲಿ ಅಕ್ಕ ಅನ್ನೋ ಪದದ ಒತ್ತು ಕೆಳಗೆ ಇಳಿಯದೆ ಪಕ್ಕದಲ್ಲಿ ಬೇರೆ ನಿಂತಿರುತ್ತೆ. ಎಂಎಲ್‌ಟರ್ಮ್ ಹಲವು ಲಿಪಿಗಳಿಗಾಗೇ ಮಾಡಿದ್ದು, ಅದರಲ್ಲಿ ಪರವಾಗಿಲ್ಲ. ಉದ್ದದ ಕನ್ನಡ ಮೇಲ್ ಬಂದ್ರೆ ನಾನೂ ಎಡಿಟರಿನಲ್ಲಿ ತೆಗೆದೇ ಓದೋದು. ಇನ್ನು ಮೇಲಿನ ಹಸಿ ರೂಪ ನೋಡಿದ್ರೆ ನಗು ಬರುತ್ತೆ. ಕ್ಷ ಅನ್ನೋ ಒಂದು ಅಕ್ಷರಕ್ಕೆ ಯುನಿಕೋಡಿನಲ್ಲಿ ಮೂರು ಸಂಕೇತ, ಒಂದೊಂದಕ್ಕೆ ಮೂರು ಬೈಟು, ಕ್ವೋಟೆಡ್ ಪ್ರಿಂಟಬಲ್ ಅನ್ನೋ ಕಟ್ಟಿನಲ್ಲಿ ಒಂದೊಂದು ಬೈಟಿಗೆ ಮತ್ತೆ ಮೂರು ಚಿಹ್ನೆ. ಒಟ್ಟು 27! ಆದ್ರೆ ಆ 27ರಿಂದ ಯಾವ ಫಾಂಟಿನ ಹೆಸರೂ ಇಲ್ಲದೆ ಕ್ಷ ವಾಪಸ್ ಬರುತ್ತೆ. ನನಗೆ ಅಷ್ಟು ಸಾಕು.

ಬ್ಲಾಗಿಗ ಮಿತ್ರರಲ್ಲಿ ಒಂದೇ ಕೇಳೋದು. ಆಮಂತ್ರಣದ ಚಿತ್ರ ಕಳಿಸಿ, ಬೇಡ ಅನ್ನಲ್ಲ, ಅದರ ಕೆಳಗೆ ಯಾವತ್ತು, ಎಲ್ಲಿ, ಯಾರು ಅನ್ನೋದನ್ನ ನಾಲ್ಕು ಸಾಲು ಟೈಪ್ ಮಾಡಿ. ನಿಮ್ಮ ಹತ್ರ 2008ರ ಹಿಂದಿನ ಕನ್ನಡ ಮೇಲುಗಳಿದ್ರೆ, ಎಚ್‌ಟಿಎಂಎಲ್ ಕಿತ್ತುಹಾಕಿ ಜಾಗ ಉಳಿಸೋ ಮೊದಲು ಫಾಂಟಿನ ಹೆಸರು ಬರೆದಿಟ್ಕೊಳ್ಳಿ. ನಾನೂ ಒಂದು ಕಾಲಕ್ಕೆ ಎಲ್ಲವನ್ನೂ ಪಠ್ಯ ಮಾಡಿ ಮಿಕ್ಕಿದ್ದು ಅಳಿಸೋಣ ಅಂತ ಸ್ಕ್ರಿಪ್ಟ್ ಬರೆದಿದ್ದೆ. ಸೋಮಾರಿತನಕ್ಕೆ ಓಡಿಸಲಿಲ್ಲ. ಸೋಮಾರಿತನದಿಂದ ಒಳ್ಳೇದಾಗಿದ್ದು ಜೀವನದಲ್ಲಿ ಅದೊಂದೇ ಸಲ.

ಕಾಕಾನ ಇನ್ನೂ ನಾಲ್ಕು ಮೇಲ್ ಉಳಿದಿವೆ. ಅವನ್ನ ಬೇರೆ ಯಾವುದೋ ಅಂಗಡಿಯಲ್ಲಿ ಟೈಪ್ ಮಾಡಿಸಿದಂತಿದೆ, ಬರೀ ಪಠ್ಯ, ಎಚ್‌ಟಿಎಂಎಲ್ ಭಾಗವೇ ಇಲ್ಲ, ಫಾಂಟ್ ಯಾವುದು ಅಂತ ಸುಳಿವಿಲ್ಲ. ನುಡಿ ಅಂತ ಪರಿವರ್ತಕಕ್ಕೆ ಹಾಕಿದ್ರೆ ಕಸದಿಂದ ಕನ್ನಡದ ಕಸ ಬರುತ್ತೆ. ಶ್ರೀಲಿಪಿ, ಆಕೃತಿ, ಪ್ರಕಾಶಕ್ ಒಂದೊಂದಾಗಿ ನೋಡಬೇಕು. ಎಲ್ಲದರ ಕೊನೆಗೂ ಒಂದೇ ಥರದ ಏಳು ಚಿಹ್ನೆಗಳಿವೆ, ಅದು ಅವನ ಹೆಸರೇ ಇರಬೇಕು. ಈ ಭಾನುವಾರ ಅಲ್ಲಿಂದಲೇ ಶುರು ಮಾಡ್ತೀನಿ.