ತುಟಿ ಇಂಗ್ಲಿಷಿನದು, ಮೈ ಯಾರದು?

ಮೊದಲೇ ಹೇಳಿಬಿಡುತ್ತೇನೆ, ಈ ಬರಹ ಕೆಲವರಿಗೆ ಹಿಡಿಸುವುದಿಲ್ಲ. ಅನಿಮೇಷನ್ ಕಲಿಸುವ ಅಂಗಡಿ ಇಟ್ಟುಕೊಂಡವರಿಗಂತೂ ಹಿಡಿಸುವುದೇ ಇಲ್ಲ. ಆದರೂ ಹೇಳಲೇಬೇಕು. ಕ್ಯಾರೆಕ್ಟರ್ ಅನಿಮೇಷನ್ ಎಂದರೆ ನಟನೆ. ಆ ನಟನೆಯ ಮೊದಲ ಪಾಠವನ್ನೇ ಪರಭಾಷೆಯಲ್ಲಿ ಕಲಿಸಿದರೆ ಹುಡುಗ ನಟನಾಗುವುದಿಲ್ಲ, ನಕಲುಗಾರನಾಗುತ್ತಾನೆ. ನಮ್ಮ ಕಡೆಯ ಹುಡುಗರಿಗೆ ಇಲ್ಲಿ ಆಗುತ್ತಿರುವುದು ಇದೇ.

ನಾನು ಬೇಗಂಪೇಟೆಗೆ ಬಂದು ಇಪ್ಪತ್ತಾರು ವರ್ಷವಾಯಿತು. 2008ರ ಮಾರ್ಚ್‌ನಲ್ಲಿ ವಿಮಾನಗಳೆಲ್ಲ ಶಂಷಾಬಾದಿಗೆ ಹೋಗುವವರೆಗೂ ನಮ್ಮ ಮಹಡಿಯ ಮೇಲೆ ನಿಂತರೆ ಮಾತಾಡಲು ಆಗುತ್ತಿರಲಿಲ್ಲ. ಪಕ್ಕದಲ್ಲೇ ಅಮೀರ್‌ಪೇಟೆ. ಅಲ್ಲಿಯ ಗೋಡೆಗಳ ಮೇಲೆ ಬಣ್ಣಕ್ಕಿಂತ ಕೋರ್ಸುಗಳ ಬೋರ್ಡುಗಳೇ ಜಾಸ್ತಿ. ರಾಯಚೂರು, ಬೀದರ್, ಕಲಬುರ್ಗಿ ಕಡೆಯ ಹುಡುಗರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಹಾಗಾಗಿ ಒಂದಲ್ಲ ಒಂದು ಕೋರ್ಸು ಹುಡುಕಿಕೊಂಡು ಬರುತ್ತಲೇ ಇರುತ್ತಾರೆ.

ಅನಿಮೇಷನ್‌ಗೆ ಇಲ್ಲಿಗೆ ಬರುವುದರಲ್ಲಿ ತಪ್ಪೇನೂ ಇಲ್ಲ. 2008ರಲ್ಲಿ ಪೋಗೋ ಚಾನೆಲ್ಲಿನಲ್ಲಿ ಶುರುವಾದ ಛೋಟಾ ಭೀಮ್ ಹುಟ್ಟಿದ್ದು ಇದೇ ಊರಿನಲ್ಲಿ, ರಾಜೀವ್ ಚಿಲಕ ಅವರ ಗ್ರೀನ್ ಗೋಲ್ಡ್ ಸಂಸ್ಥೆಯಲ್ಲಿ. 2010ರಲ್ಲಿ ಬಂದ ಜಂಗಲ್ ಬುಕ್ ಧಾರಾವಾಹಿಯ ಹಿಂದೆ ಇದ್ದದ್ದು ಇಲ್ಲಿಯದೇ ಡಿಕ್ಯೂ ಎಂಟರ್‌ಟೇನ್‌ಮೆಂಟ್. ಊರಿಗೆ ಹೆಸರಿದೆ. ನನ್ನ ತಕರಾರು ಆ ಹೆಸರನ್ನು ಮಾರಿಕೊಂಡು ನಡೆಯುವ ಕಲಿಕೆಯ ಬಗ್ಗೆ.

ನನ್ನ ಅಕ್ಕನ ಮಗ ಸಿಂಧನೂರಿನಿಂದ ಬಂದು ಇಲ್ಲಿ ಒಂದು ಸಂಸ್ಥೆಯಲ್ಲಿ ಕಲಿತ. ಸಂಸ್ಥೆಯ ಹೆಸರು ಬೇಡ ಬಿಡಿ. ಶುಲ್ಕಕ್ಕೆ ನಮ್ಮ ಭಾವ ಅಕ್ಕನ ಬಂಗಾರ ಅಡವಿಟ್ಟರು. ಮೊದಲ ತಿಂಗಳುಗಳೆಲ್ಲ ತಂತ್ರಾಂಶದ ಪಾಠ: ಯಾವ ಮೆನು ಎಲ್ಲಿದೆ, ಯಾವ ಕೀ ಒತ್ತಿದರೆ ಏನಾಗುತ್ತದೆ. ಆಮೇಲೆ ಪುಟಿಯುವ ಚೆಂಡು. ಆಮೇಲೆ ನಡಿಗೆ. ಕೊನೆಗೆ ಅಮೆರಿಕದ ಯಾವುದೋ ಸಿನೆಮಾದ ಹತ್ತು ಸೆಕೆಂಡಿನ ಸಂಭಾಷಣೆ ಕೊಟ್ಟು, ಇದಕ್ಕೆ ಲಿಪ್ ಸಿಂಕ್ ಮಾಡು ಅಂದರು. ಮಾಡಿದ. ಅದನ್ನೇ ಶೋರೀಲ್ ಅಂತ ನನಗೆ ತೋರಿಸಿದ. ಬೊಂಬೆ ಭುಜ ಹಾರಿಸುತ್ತದೆ, ಅಂಗೈ ಮೇಲೆ ಮಾಡುತ್ತದೆ, ಒಂದು ಹುಬ್ಬು ಏರಿಸುತ್ತದೆ. ತುಟಿ ಎಲ್ಲ ಸರಿಯಾಗಿಯೇ ಕೂತಿತ್ತು. ಆದರೆ ಆ ಬೊಂಬೆ ಏನು ಬಯಸುತ್ತಿದೆ ಅಂತ ಕೇಳಿದರೆ ಹುಡುಗನ ಹತ್ತಿರ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲೇ ಇಲ್ಲ! ಸಿಂಧನೂರಿನಲ್ಲಿ ಯಾರು ಸ್ವಾಮಿ ಹಾಗೆ ಭುಜ ಹಾರಿಸುತ್ತಾರೆ? ಗೊತ್ತಿಲ್ಲ ಅನ್ನಬೇಕಾದರೆ ನಮ್ಮವರು ತುಟಿ ಒತ್ತಿ ತಲೆ ಅಲ್ಲಾಡಿಸುತ್ತಾರೆ, ಕೈ ತಿರುವುತ್ತಾರೆ, ಇಲ್ಲವೇ ಮೇಲೆ ನೋಡಿ ದೇವರನ್ನು ತೋರಿಸುತ್ತಾರೆ.

ನಾನು ಅನಿಮೇಟರ್ ಅಲ್ಲ. ಆದರೆ ಇಪ್ಪತ್ತು ವರ್ಷ ಇಲ್ಲಿನ ಕನ್ನಡದವರ ಜೊತೆ ಹವ್ಯಾಸಿ ನಾಟಕ ಆಡಿದವನು. ಹುಡುಗ ಬಿಟ್ಟುಹೋದ ಪುಸ್ತಕಗಳನ್ನೂ ಓದಿದ್ದೇನೆ. ಡಿಸ್ನಿಯ ಫ್ರ್ಯಾಂಕ್ ಥಾಮಸ್ ಮತ್ತು ಓಲಿ ಜಾನ್‌ಸ್ಟನ್ 1981ರಲ್ಲಿ ತಂದ ದೊಡ್ಡ ಪುಸ್ತಕ, ರಿಚರ್ಡ್ ವಿಲಿಯಮ್ಸ್ 2001ರಲ್ಲಿ ಬರೆದ ಕೈಪಿಡಿ. ಎರಡರಲ್ಲೂ ನನಗೆ ಕಂಡದ್ದು ನಾಟಕದ ಮೇಷ್ಟ್ರು ಹೇಳುತ್ತಿದ್ದ ಮಾತೇ. ಮೊದಲು ಯೋಚನೆ, ಆಮೇಲೆ ಮೈ, ಆಮೇಲೆ ಮುಖ. ತುಟಿ ಕಟ್ಟಕಡೆಗೆ.

ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಕಡೆಯ ಒಬ್ಬ ಅಜ್ಜಿ, ಎಲ್ಲರೂ ಊಟಕ್ಕೆ ಕೂತಾಗ, “ನನಗೇನೂ ಬ್ಯಾಡಪಾ, ನೀವು ಉಣ್ರಿ” ಅನ್ನುತ್ತಾಳೆ. ಈ ಒಂದು ಮಾತನ್ನು ಅನಿಮೇಟ್ ಮಾಡಬೇಕು ಅನ್ನಿ. ಕಂಪ್ಯೂಟರ್ ಆನ್ ಮಾಡುವ ಮೊದಲು ಕೇಳಿಕೊಳ್ಳಬೇಕಾದದ್ದು ಎಷ್ಟಿದೆ ನೋಡಿ. ಅಜ್ಜಿಗೆ ನಿಜವಾಗಿ ಬೇಡವೋ, ಯಾರಾದರೂ ಇನ್ನೊಮ್ಮೆ ಕರೆಯಲಿ ಅಂತಲೋ? ಸೊಸೆಯ ಮೇಲೆ ಸಿಟ್ಟೋ? ಅನ್ನ ಸಾಲುವುದಿಲ್ಲ ಅಂತ ಗೊತ್ತೋ? ಕರೆಯಲಿ ಅಂತಾದರೆ ಮುಖ ಆಚೆ ತಿರುಗುತ್ತದೆ, ಕಣ್ಣು ಮಾತ್ರ ಒಂದು ಕ್ಷಣ ತಟ್ಟೆಯ ಕಡೆ ಹೋಗಿ ಬರುತ್ತದೆ. ಅನ್ನ ಸಾಲದು ಅಂತಾದರೆ ಕಣ್ಣು ಮೊಮ್ಮಕ್ಕಳ ಮೇಲೆ ಇರುತ್ತದೆ, ಕೈ ಸೆರಗು ಸರಿಮಾಡಿಕೊಳ್ಳುವ ನೆಪ ಹುಡುಕುತ್ತದೆ. ಮಾತು ಅದೇ, ಮೈ ಬೇರೆ ಬೇರೆ. ಇದನ್ನು ಹೆಬ್ಬೆರಳಿನಷ್ಟು ಸಣ್ಣ ಚಿತ್ರಗಳಲ್ಲಿ ಗೀಚಿಕೊಳ್ಳಬೇಕು, ತಾನೇ ಎದ್ದು ನಟಿಸಿ ನೋಡಬೇಕು, ಗಡಿಯಾರ ಹಿಡಿದು ಕಾಲ ಲೆಕ್ಕ ಹಾಕಬೇಕು. ಮುಖ್ಯ ಭಂಗಿಗಳು ನಿಂತ ಮೇಲೆ ನಡುವಿನ ಚಲನೆ. ಈ ಕೆಲಸಕ್ಕೆ ತಂತ್ರಾಂಶದ ಪರವಾನಗಿ ಬೇಕಿಲ್ಲ, ಪೆನ್ಸಿಲ್ಲು ಮತ್ತು ಕನ್ನಡಿ ಸಾಕು. ಬಹುಶಃ ಅದಕ್ಕೇ ಕಲಿಸುವುದಿಲ್ಲ, ಪೆನ್ಸಿಲ್ಲು ಕಲಿಸಿ ದೊಡ್ಡ ಶುಲ್ಕ ಕೇಳುವುದು ಕಷ್ಟ ನೋಡಿ!

ತುಟಿ ಕಡೆಯದು ಅನ್ನುವುದಕ್ಕೆ ಸಾಕ್ಷಿ ಬೇಕಾದರೆ ಹಾಲಿವುಡ್ಡಿಗೆ ಹೋಗಬೇಕಾಗಿಲ್ಲ. ಕುಂದಾಪುರದ ಹತ್ತಿರದ ಉಪ್ಪಿನಕುದ್ರಿನ ಸೂತ್ರದ ಬೊಂಬೆಗಳನ್ನು, ದಿವಂಗತ ಕೊಗ್ಗ ಕಾಮತರು ಬೆಳೆಸಿದ ಆ ಯಕ್ಷಗಾನ ಬೊಂಬೆಯಾಟವನ್ನು, ನೋಡಿದವರಿದ್ದೀರಾ? ಮರದ ಮುಖ, ಅಲ್ಲಾಡದ ತುಟಿ. ಆದರೂ ಬೊಂಬೆ ಮಾತಾಡುತ್ತಿದೆ ಅಂತಲೇ ಅನ್ನಿಸುತ್ತದೆ. ಯಾಕೆಂದರೆ ಮಾತಿನ ಏಟು ಬೀಳುವ ಜಾಗದಲ್ಲಿ ತಲೆ ತಿರುಗುತ್ತದೆ, ಕೈ ಏಳುತ್ತದೆ. ನಮ್ಮ ಹೈದರಾಬಾದ್ ಕರ್ನಾಟಕದಲ್ಲೂ, ಆಂಧ್ರದಲ್ಲೂ ತೊಗಲು ಬೊಂಬೆಯವರು ತಲೆಮಾರುಗಳಿಂದ ಮಾಡಿದ್ದು ಇದನ್ನೇ. ಇಂಥ ನೆಲದ ಹುಡುಗನಿಗೆ ತುಟಿಯಿಂದ ಪಾಠ ಶುರುಮಾಡುತ್ತಾರೆ.

ಇನ್ನು ಆ ತುಟಿಯ ವಿಷಯಕ್ಕೇ ಬರೋಣ. ಅಲ್ಲಾದರೂ ನ್ಯಾಯವಿದೆಯೇ? ತರಗತಿಯಲ್ಲಿ ಕೊಡುವುದು ಅಮೆರಿಕದ ಪ್ರೆಸ್ಟನ್ ಬ್ಲೇರ್ ಬರೆದ ಬಾಯಿಯ ಆಕಾರಗಳ ಪಟ್ಟಿ. ಒಳ್ಳೆಯ ಪಟ್ಟಿಯೇ, ಆದರೆ ಮಾಡಿದ್ದು ಇಂಗ್ಲಿಷಿಗೆ. ನಮ್ಮ ಒಂದನೇ ಕ್ಲಾಸಿನ ವರ್ಣಮಾಲೆ ನೋಡಿ. ಕವರ್ಗ ಗಂಟಲಲ್ಲಿ, ಚವರ್ಗ ಅಂಗುಳದಲ್ಲಿ, ಟವರ್ಗ ನಾಲಿಗೆ ಮಡಚಿ, ತವರ್ಗ ಹಲ್ಲಿನ ಹತ್ತಿರ, ಪವರ್ಗ ತುಟಿಯಲ್ಲಿ. ಅಕ್ಷರಗಳನ್ನು ಬಾಯಿಯ ಜಾಗದ ಪ್ರಕಾರವೇ ಜೋಡಿಸಿಟ್ಟಿದ್ದಾರೆ! ಅನಿಮೇಟರನಿಗೆ ಇದಕ್ಕಿಂತ ಒಳ್ಳೆಯ ಪಟ್ಟಿ ಬೇಕೆ? ಪ, ಬ, ಮ ಬಂದಲ್ಲಿ ತುಟಿ ಮುಚ್ಚಲೇಬೇಕು. ಉ, ಊ, ಒ, ಓ ಬಂದಲ್ಲಿ ದುಂಡಗಾಗಬೇಕು. ಇ, ಎ ಬಂದಲ್ಲಿ ಅಗಲವಾಗಬೇಕು. ಕ, ಟ, ಣ, ಳ ಇವುಗಳ ಕೆಲಸ ಒಳಗೇ ನಡೆಯುತ್ತದೆ, ಹೊರಗಿನಿಂದ ಬಹಳ ಕಾಣುವುದಿಲ್ಲ. ಅವಕ್ಕೆಲ್ಲ ಬಾಯಿ ಕುಣಿಸಿದರೆ ಬೊಂಬೆ ಎಲೆಅಡಿಕೆ ಜಗಿದ ಹಾಗೆ ಕಾಣುತ್ತದೆ.

ಇಂಗ್ಲಿಷಿನ ಪಟ್ಟಿ ಹೇಳದ ಇನ್ನೂ ಕೆಲವಿವೆ. ಒಂದು, ಕನ್ನಡದ ಪದ ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತದೆ. ಇಂಗ್ಲಿಷಿನ ಬಸ್ ಹಲ್ಲಲ್ಲಿ ನಿಂತರೆ ನಮ್ಮ ಬಸ್ಸು ದುಂಡುತುಟಿಯಲ್ಲಿ ನಿಲ್ಲುತ್ತದೆ. ಎರಡು, ನಮ್ಮಲ್ಲಿ ಹ್ರಸ್ವ ದೀರ್ಘಕ್ಕೆ ಅರ್ಥವೇ ಬದಲು. ಬಳೆ ಮತ್ತು ಬಾಳೆಯಲ್ಲಿ ತುಟಿಯ ದಾರಿ ಹೆಚ್ಚುಕಮ್ಮಿ ಒಂದೇ, ಎಷ್ಟು ಫ್ರೇಮು ತೆರೆದಿರಬೇಕು ಅನ್ನುವುದು ಬೇರೆ. ಮೂರು, ಒತ್ತಕ್ಷರ. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಮುಚ್ಚಿದ ತುಟಿ ಕಣ್ಣಿಗೆ ಬೀಳಬೇಕಾದರೆ ಎರಡು ಫ್ರೇಮಾದರೂ ಇರಬೇಕು ಅನ್ನುತ್ತಾರೆ ಬಲ್ಲವರು. ಅಮ್ಮ, ಅಪ್ಪ ಅನ್ನುವಾಗ ಅದಕ್ಕಿಂತ ಹೆಚ್ಚು ಹಿಡಿಯಬೇಕು. ಹಿಡಿಯದಿದ್ದರೆ ಬೊಂಬೆ ಅಮ್ಮನನ್ನು ಕರೆಯುವುದೇ ಇಲ್ಲ. ನಾಲ್ಕು, ಬರೆದದ್ದನ್ನು ನೋಡಿ ತುಟಿ ಆಡಿಸಬಾರದು, ಕೇಳಿದ್ದಕ್ಕೆ ಆಡಿಸಬೇಕು. ಮೈಸೂರಿನ ಬೇಡಕ್ಕೆ ತುಟಿ ಅಗಲ, ನಮ್ಮ ಬ್ಯಾಡಕ್ಕೆ ದವಡೆ ಕೆಳಗೆ. ಒಂದೇ ಅಜ್ಜಿ, ಎರಡು ಜಿಲ್ಲೆ, ಎರಡು ಬಾಯಿ! ಇದನ್ನೆಲ್ಲ ಕಲಿಯಲು ಸಿಂಧನೂರಿನ ಹುಡುಗನಿಗೆ ಬೇಕಾದ ಕಿವಿ ಹುಟ್ಟಿನಿಂದಲೇ ಇದೆ. ಆ ಕಿವಿಗೆ ಹತ್ತಿ ತುರುಕಿ, ಅರ್ಧಂಬರ್ಧ ಅರ್ಥವಾಗುವ ಇಂಗ್ಲಿಷ್ ಮಾತು ಕೊಡುತ್ತಾರೆ.

ಇದಕ್ಕೆ ಉತ್ತರವೂ ಸಿದ್ಧವಾಗಿದೆ. “ಕ್ಲೈಂಟು ಅಮೆರಿಕದವನು ಸಾರ್, ಕನ್ನಡದ ತುಟಿ ಕಟ್ಟಿಕೊಂಡು ಅವನೇನು ಮಾಡ್ತಾನೆ?” ಸರಿ. ಕ್ಲೈಂಟು ತುಟಿ ನೋಡಲಿ, ಆದರೆ ಅವನು ಹುಡುಕುವುದು ಮಾತಿನ ಹಿಂದಿರುವ ಯೋಚನೆಯನ್ನು. ತನಗೆ ಗೊತ್ತಿರುವ ಅಜ್ಜಿಯನ್ನು ನೋಡಿ ಕಲಿತವನು ನಾಳೆ ಟೆಕ್ಸಾಸಿನ ಅಜ್ಜಿಯನ್ನೂ ನೋಡಿ ಮಾಡಬಲ್ಲ. ನೋಡುವುದನ್ನೇ ಕಲಿಯದವನು ಎಲ್ಲಿಯ ಅಜ್ಜಿಯನ್ನೂ ಮಾಡಲಾರ. ಹೊರಗುತ್ತಿಗೆಯಲ್ಲಿ ಕಥೆ, ದನಿ, ಸ್ಟೋರಿಬೋರ್ಡು ಅಲ್ಲಿಂದ ಬರುವುದು, ಕೈಕೆಲಸ ಇಲ್ಲಿ ನಡೆಯುವುದು ಸಾಮಾನ್ಯ. ಯೋಚನೆ ಕಲಿಸದಿದ್ದರೆ ನಮ್ಮ ಹುಡುಗ ಆ ಕೈಕೆಲಸದಲ್ಲೇ ಮುದುಕನಾಗುತ್ತಾನೆ. ಈಗ ಅದಕ್ಕೂ ಕುತ್ತು ಬಂದಿದೆ. ದನಿಯ ಫೈಲು ಕೊಟ್ಟರೆ ತಂತ್ರಾಂಶವೇ ತುಟಿ ಆಡಿಸಿಕೊಡುತ್ತದೆ. ಅಂದರೆ ಅಕ್ಕನ ಬಂಗಾರ ಅಡವಿಟ್ಟು ಕಲಿತ ವಿದ್ಯೆ ಯಾವುದೋ, ಅದನ್ನೇ ಯಂತ್ರ ಮೊದಲು ಕಸಿದುಕೊಳ್ಳುತ್ತಿದೆ. ಅಜ್ಜಿ ಯಾಕೆ ಮುಖ ತಿರುಗಿಸಿದಳು ಅಂತ ತೀರ್ಮಾನಿಸುವ ಕೆಲಸ ಮಾತ್ರ ಮನುಷ್ಯನಿಗೆ ಉಳಿಯುವುದು.

ಪಾಶ್ಚಾತ್ಯರಿಂದ ಕಲಿಯಬಾರದು ಅಂತ ನಾನು ಹೇಳುತ್ತಿಲ್ಲ. 1956ರಲ್ಲಿ ಡಿಸ್ನಿಯಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ ಮುಂಬಯಿಯ ಫಿಲ್ಮ್ಸ್ ಡಿವಿಜನ್ನಿಗೆ ಬಂದು ನಮ್ಮವರಿಗೆ ಅನಿಮೇಷನ್ ಕಲಿಸಿದರು. ಮುಂದೆ ಹೆಸರಾದ ರಾಮ್ ಮೋಹನ್ ಅವರ ಬಳಿಯೇ ಕಲಿತದ್ದು. ಆ ತಂಡ 1957ರಲ್ಲಿ ಮಾಡಿದ ಚಿತ್ರಕ್ಕೆ ಆರಿಸಿಕೊಂಡದ್ದು ಜಾತಕದ ಜಿಂಕೆಯ ಕಥೆ. ವಿದ್ಯೆ ಅಲ್ಲಿಯದು, ಕಥೆ ಇಲ್ಲಿಯದು. ಡಿಸ್ನಿಯೂ 1932ರಿಂದ ಡಾನ್ ಗ್ರಹಾಮ್ ಎಂಬ ಮೇಷ್ಟ್ರನ್ನಿಟ್ಟು ತನ್ನ ಕಲಾವಿದರಿಗೆ ಮನುಷ್ಯರನ್ನು ನೋಡಿ ಬರೆಯುವುದನ್ನು ಕಲಿಸಿತು. ಸ್ನೋವೈಟ್ ಬಂದದ್ದು 1937ರಲ್ಲಿ. ಐದು ವರ್ಷ ನೋಡುವುದನ್ನು ಕಲಿತರು. ಇಲ್ಲಿ ಎಲ್ಲವನ್ನೂ ಒಂದು ವರ್ಷದ ಪ್ಯಾಕೇಜಿನಲ್ಲಿ ಮುಗಿಸುತ್ತಾರೆ.

ಬೈಯುವಾಗ ನಮ್ಮವರನ್ನೂ ಬಿಡಬಾರದು. ಡಬ್ಬಿಂಗ್ ಬೇಡ, ಕನ್ನಡ ಹಾಳಾಗುತ್ತದೆ ಅಂತ ದಶಕಗಟ್ಟಲೆ ಕೂಗಿದೆವು. ಮಕ್ಕಳಿಗೆಂದೇ ಕನ್ನಡದ ಚಿಂಟು ಟಿವಿ ಬಂದದ್ದು 2009ರಲ್ಲಿ. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಅಂತ ಹೇಳಿತು. ಡಬ್ಬಿಂಗ್ ಬರಲಿ, ಮಕ್ಕಳು ಕನ್ನಡದಲ್ಲೇ ನೋಡಲಿ. ಆದರೆ ಬೇರೆ ಭಾಷೆಗೆ ಆಡಿದ ತುಟಿಯೊಳಗೆ ಕನ್ನಡವನ್ನು ತುರುಕಬೇಕಾದಾಗ ಕನ್ನಡ ಸೊಟ್ಟಗಾಗುತ್ತದೆ. ಕನ್ನಡಕ್ಕೇ ಅಂತ ತೆರೆದುಕೊಳ್ಳುವ ತುಟಿಗಳನ್ನು ನಾವು ಎಷ್ಟು ಮಾಡಿದ್ದೇವೆ? ಕರ್ನಾಟಕ ಸರ್ಕಾರ 2012ರಲ್ಲೇ ಅನಿಮೇಷನ್ನಿಗೆ ಅಂತ ನೀತಿ ತಂದಿತು, 2024ರಲ್ಲಿ ಹೊಸದನ್ನೂ ತಂದಿತು. ನೀತಿ ಬಂದರೆ ಬೊಂಬೆ ತಾನಾಗಿ ಕನ್ನಡ ಮಾತಾಡುವುದಿಲ್ಲ.

ಹಾಗಾದರೆ ಏನು ಮಾಡಬೇಕು? ದೊಡ್ಡದೇನೂ ಬೇಡ. ಮಗನನ್ನೋ ಮಗಳನ್ನೋ ಅನಿಮೇಷನ್ನಿಗೆ ಸೇರಿಸುವ ಮುಂಚೆ ಸಂಸ್ಥೆಯವರಿಗೆ ಮೂರು ಪ್ರಶ್ನೆ ಕೇಳಿ. ನಟನೆ ಯಾರು ಕಲಿಸುತ್ತಾರೆ? ತಂತ್ರಾಂಶಕ್ಕೆ ಮುಂಚೆ ಎಷ್ಟು ವಾರ ಪೆನ್ಸಿಲ್ಲಿನ ಕೆಲಸ? ಮೊದಲ ಸಂಭಾಷಣೆಯನ್ನು ಮಾತೃಭಾಷೆಯಲ್ಲಿ ಮಾಡಲು ಬಿಡುತ್ತೀರಾ? ಮೂರಕ್ಕೂ ಉತ್ತರ ಸಿಗದಿದ್ದರೆ ಚಪ್ಪಲಿ ಹಾಕಿಕೊಂಡು ಹೊರಡಿ. ಇನ್ನು ನಮ್ಮಂಥ ಹೊರನಾಡ ಕನ್ನಡಿಗರು. ಕಾಚಿಗುಡದ ಸಾಹಿತ್ಯ ಮಂದಿರದಲ್ಲಿ ಸೇರಿದಾಗ ಸನ್ಮಾನ, ಶಾಲು ಎಲ್ಲ ಆಗಲಿ. ಅದರ ಜೊತೆಗೆ ಬೀದರಿನ, ಧಾರವಾಡದ, ಉಡುಪಿಯ ಹಿರಿಯರನ್ನು ಕೂರಿಸಿ ಅವರವರ ಕನ್ನಡದಲ್ಲಿ ಹತ್ತು ಹತ್ತು ಸೆಕೆಂಡಿನ ಮಾತು ಧ್ವನಿಮುದ್ರಿಸಿ, ಕಲಿಯುವ ಹುಡುಗರಿಗೆ ಕೊಡೋಣ. ಮೊಬೈಲು ಎಲ್ಲರ ಜೇಬಿನಲ್ಲೂ ಇದೆ, ಖರ್ಚಿಲ್ಲ.

ಅಕ್ಕನ ಮಗನಿಗೆ ನಾನು ಅಜ್ಜಿಯ ಆ ಒಂದು ಮಾತನ್ನು ಧ್ವನಿಮುದ್ರಿಸಿ ಕಳಿಸಿದ್ದೇನೆ. ಮಾಡುತ್ತೇನೆ ಮಾಮಾ ಅಂದಿದ್ದಾನೆ. ಬಂಗಾರ ಮಾತ್ರ ಇನ್ನೂ ಬಿಡಿಸಿಕೊಂಡಿಲ್ಲ. ನಿಮ್ಮ ಮನೆಯಲ್ಲೂ ಇಂಥ ಹುಡುಗರಿದ್ದರೆ, ಸಂಸ್ಥೆಗೆ ದುಡ್ಡು ಕಟ್ಟುವ ಮುಂಚೆ ಇದನ್ನೊಮ್ಮೆ ಓದಿಸಿ. ಏನಂತೀರಿ?