ಬೆಲೆ ಹೇಳುವವರು ಯಾರು?

2025ರ ಸೆಪ್ಟೆಂಬರ್ ಮೊದಲ ವಾರ ರಷ್ಯಾ, ಚೀನಾ, ಮಂಗೋಲಿಯಾಗಳ ನಾಯಕರು ಬೀಜಿಂಗ್‌ನಲ್ಲಿ ಸೇರಿದ್ದರು. ರಷ್ಯಾದ ಸರ್ಕಾರಿ ಹಿಡಿತದ ಅನಿಲ ಕಂಪನಿ ಗಾಜ್‌ಪ್ರಾಮ್‌ನ ಮುಖ್ಯಸ್ಥ ಅಲೆಕ್ಸಿ ಮಿಲ್ಲರ್ ಅಲ್ಲಿಂದಲೇ ಸುದ್ದಿ ಕೊಟ್ಟರು: 'ಪವರ್ ಆಫ್ ಸೈಬೀರಿಯಾ-2' ಕೊಳವೆ ಮಾರ್ಗದ ಬಗ್ಗೆ ಎರಡೂ ಕಡೆಯನ್ನು ಕಾನೂನಿನಿಂದ ಕಟ್ಟಿಹಾಕುವ ಪತ್ರಕ್ಕೆ ಸಹಿಯಾಗಿದೆ, ಮಂಗೋಲಿಯಾದ ಮೂಲಕ ವರ್ಷಕ್ಕೆ 5,000 ಕೋಟಿ ಘನ ಮೀಟರ್ ಅನಿಲ 30 ವರ್ಷ ಹರಿಯಲಿದೆ. ಬೆಲೆಯ ವಿಷಯ ಮಾತ್ರ ಬೇರೆಯಾಗಿ ತೀರ್ಮಾನವಾಗಬೇಕಿತ್ತು. ಚೀನಾದ ಕಡೆಯಿಂದ ಇಂಥ ಸಡಗರವೇನೂ ಕೇಳಿಬರಲಿಲ್ಲ. ಮಾರುವವರು ಮೈಕಿನ ಮುಂದೆ, ಕೊಳ್ಳುವವರು ಮೌನ. ನೆರೆಯ ಎರಡು ಬಲಿಷ್ಠ ದೇಶಗಳ ನಡುವೆ ತೈಲ ಅಥವಾ ಅನಿಲ ಹರಿಯುವಾಗ ಯಾರ ಕೈ ಮೇಲಾಗುತ್ತದೆ ಎಂಬ ಪ್ರಶ್ನೆಗೆ ನಾವು ಸಾಮಾನ್ಯವಾಗಿ ಕೊಡುವ ಉತ್ತರ, ನಲ್ಲಿ ಯಾರ ಕೈಯಲ್ಲಿದೆಯೋ ಅವರದು ಎಂದು. ರಷ್ಯಾದ ಕಳೆದ 20 ವರ್ಷಗಳ ವ್ಯವಹಾರವನ್ನು ನೋಡಿದರೆ ಈ ಉತ್ತರ ನಿಲ್ಲುವುದಿಲ್ಲ. ಯಾರು ಹೆಚ್ಚು ದಿನ ಕಾಯಬಲ್ಲರೋ ಬೆಲೆ ಹೇಳುವವರು ಅವರೇ.

ಇದಕ್ಕೆ ಅನಿಲದ ಸ್ವಭಾವವೇ ಕಾರಣ. ಕಚ್ಚಾತೈಲವನ್ನು ಹಡಗಿಗೆ ತುಂಬಿದರೆ ಅದು ಯಾವ ಬಂದರಿಗಾದರೂ ಹೋದೀತು. ಒಬ್ಬರು ಬೇಡವೆಂದರೆ ಇನ್ನೊಬ್ಬರು ಸಿಗುತ್ತಾರೆ. ಕೊಳವೆಯಲ್ಲಿ ಬರುವ ಅನಿಲಕ್ಕೆ ಆ ಸ್ವಾತಂತ್ರ್ಯವಿಲ್ಲ. ಸಾವಿರಾರು ಕಿಲೋಮೀಟರ್ ಉಕ್ಕು ಹೂತು, ನಡುನಡುವೆ ಕಂಪ್ರೆಸರ್ ಕೇಂದ್ರ ಕಟ್ಟಿದ ಮೇಲೆ ಆ ದುಡ್ಡು ನೆಲದೊಳಗೇ ಉಳಿಯಿತು. ಕೊಳವೆಯನ್ನು ಕಿತ್ತು ಬೇರೆ ದಿಕ್ಕಿಗೆ ತಿರುಗಿಸಲಾಗದು. ಸಂತೆಗೆ ತಂದ ಟೊಮೆಟೊವನ್ನು ಸಂಜೆಯೊಳಗೆ ಮಾರಲೇಬೇಕಾದ ರೈತನಿಗೆ ಒಬ್ಬನೇ ದಲ್ಲಾಳಿ ಗತಿಯಾದಾಗ ಏನಾಗುತ್ತದೋ ಇಲ್ಲಿಯೂ ಅದೇ ಆಗುತ್ತದೆ. ಎಲ್‌ಎನ್‌ಜಿ, ಅಂದರೆ ದ್ರವವಾಗಿಸಿದ ಅನಿಲ, ಹಡಗು ಹತ್ತುತ್ತದೆ ನಿಜ. ಆದರೆ ಅದನ್ನು ಸುಮಾರು ಮೈನಸ್ 162 ಡಿಗ್ರಿಗೆ ತಂಪು ಮಾಡುವ ಸ್ಥಾವರಗಳು ದುಬಾರಿ, ಕಟ್ಟಲು ವರ್ಷಗಳು ಬೇಕು.

ಚೀನಾ ಇದನ್ನು ಚೆನ್ನಾಗಿ ಬಲ್ಲದು. ಸೈಬೀರಿಯಾದ ಅನಿಲದ ಮೊದಲ ಒಪ್ಪಂದಕ್ಕೆ ಎರಡೂ ಕಡೆಯವರು ಸುಮಾರು ಹತ್ತು ವರ್ಷ ಚೌಕಾಸಿ ಮಾಡಿದರು. ಯುರೋಪು ಕೊಡುವ ಬೆಲೆಯನ್ನೇ ಚೀನಾವೂ ಕೊಡಬೇಕೆಂದು ರಷ್ಯಾ ಹಟ ಹಿಡಿಯಿತು. ಚೀನಾ ಒಪ್ಪಲಿಲ್ಲ, ಬಿಟ್ಟೆದ್ದೂ ಹೋಗಲಿಲ್ಲ. 2014ರ ಮಾರ್ಚ್‌ನಲ್ಲಿ ರಷ್ಯಾ ಕ್ರಿಮಿಯಾವನ್ನು ತನ್ನೊಳಗೆ ಸೇರಿಸಿಕೊಂಡಿತು, ಪಶ್ಚಿಮದ ನಿರ್ಬಂಧಗಳು ಬಂದವು. ಎರಡೇ ತಿಂಗಳಲ್ಲಿ, ಮೇ 21ರಂದು, ಶಾಂಘೈನಲ್ಲಿ ಸಹಿ ಬಿತ್ತು: ವರ್ಷಕ್ಕೆ 3,800 ಕೋಟಿ ಘನ ಮೀಟರ್, 30 ವರ್ಷ, ಒಟ್ಟು ಸುಮಾರು 40,000 ಕೋಟಿ ಡಾಲರ್. ದರ ಗುಟ್ಟಾಗಿಯೇ ಉಳಿಯಿತು. 2019ರ ಡಿಸೆಂಬರ್ 2ರಂದು ಪುಟಿನ್ ಸೋಚಿಯಿಂದ, ಷಿ ಜಿನ್‌ಪಿಂಗ್ ಬೀಜಿಂಗ್‌ನಿಂದ ವಿಡಿಯೊದಲ್ಲಿ ನೋಡುತ್ತಿದ್ದಂತೆ ಅಮುರ್ ನದಿಯ ಕೆಳಗೆ ಹಾದ ಕೊಳವೆಗೆ ಅನಿಲ ಬಿಡಲಾಯಿತು. ಆ ಕೊಳವೆ ಪೂರ್ತಿ ಸಾಮರ್ಥ್ಯ ಮುಟ್ಟಿದ್ದು 2024ರ ಡಿಸೆಂಬರ್‌ನಲ್ಲಿ. ಇದರೊಳಗೆ ಹರಿಯುವುದು ಯಾಕುಟಿಯಾದ ಚಾಯಂಡಾ ಮತ್ತು ಇರ್ಕುಟ್ಸ್ಕ್ ಪ್ರಾಂತದ ಕೊವಿಕ್ತಾ ನಿಕ್ಷೇಪಗಳ ಅನಿಲ. ಯುರೋಪಿಗೆ ಹೋಗುತ್ತಿದ್ದುದು ಸಾವಿರಾರು ಕಿಲೋಮೀಟರ್ ಪಶ್ಚಿಮದ ಯಮಾಲ್ ಸುತ್ತಲಿನ ಅನಿಲ. ಎರಡು ಜಾಲಗಳ ನಡುವೆ ಸಂಪರ್ಕವೇ ಇಲ್ಲ. ಯುರೋಪು ಕೊಳ್ಳದಿದ್ದರೆ ಚೀನಾ ಇದೆಯಲ್ಲ ಎನ್ನುವವರು ಭೂಪಟವನ್ನೊಮ್ಮೆ ಬಿಚ್ಚಿ ನೋಡಬೇಕು.

ತೈಲದ ಕಥೆಯಲ್ಲಿ ಕೊಳ್ಳುವವನೇ ಸಾಲಗಾರನನ್ನೂ ಸೃಷ್ಟಿಸಿದ. 2009ರಲ್ಲಿ, ಜಾಗತಿಕ ಹಣಕಾಸು ಬಿಕ್ಕಟ್ಟು ರಷ್ಯಾದ ಕಂಪನಿಗಳ ಕುತ್ತಿಗೆ ಹಿಸುಕುತ್ತಿದ್ದಾಗ, ಚೀನಾ ಅಭಿವೃದ್ಧಿ ಬ್ಯಾಂಕ್ ತೈಲ ಕಂಪನಿ ರೋಸ್‌ನೆಫ್ಟ್ ಮತ್ತು ಕೊಳವೆ ಕಂಪನಿ ಟ್ರಾನ್ಸ್‌ನೆಫ್ಟ್‌ಗಳಿಗೆ 2,500 ಕೋಟಿ ಡಾಲರ್ ಸಾಲ ಕೊಟ್ಟಿತು. ಅದಕ್ಕೆ ಪ್ರತಿಯಾಗಿ ರಷ್ಯಾದ ಸ್ಕೊವೊರೊಡಿನೊದಿಂದ ಚೀನಾದ ಡಾಚಿಂಗ್‌ಗೆ 20 ವರ್ಷ, ವರ್ಷಕ್ಕೆ ಒಂದೂವರೆ ಕೋಟಿ ಟನ್ ತೈಲ. 2011ರಲ್ಲಿ ಕೊಳವೆ ಶುರುವಾಯಿತೋ ಇಲ್ಲವೋ, ಸಾಗಣೆ ವೆಚ್ಚದ ಲೆಕ್ಕ ತಪ್ಪಿದೆ ಎಂದು ಚೀನಾದ ಕಂಪನಿ ಪೂರ್ತಿ ದುಡ್ಡು ಕೊಡದೆ ಹಿಡಿದಿಟ್ಟಿತು. ಕೊನೆಗೆ ಬ್ಯಾರೆಲ್‌ಗೆ ಒಂದೂವರೆ ಡಾಲರ್ ಇಳಿಸಿ ರಷ್ಯಾ ರಾಜಿಯಾಯಿತು. ಪತ್ರಿಕೆಗಳ ಮುಖಪುಟಕ್ಕೆ ಬಾರದ ಈ ಚಿಲ್ಲರೆ ಜಗಳ ಭಾಷಣಗಳಿಗಿಂತ ಹೆಚ್ಚು ಹೇಳುತ್ತದೆ ಎಂದು ನನಗನ್ನಿಸುತ್ತದೆ. ಸಹಿ ಹಾಕಿದ ಮೇಲೂ ಚೌಕಾಸಿ ಮುಗಿದಿರಲಿಲ್ಲ. ಕೊಳವೆ ಹೂತಾಗಿದ್ದರಿಂದ ಮಾರುವವನಿಗೆ ಎದ್ದು ಹೋಗುವ ದಾರಿಯೂ ಇರಲಿಲ್ಲ.

ಹಾಗಾದರೆ ಯುರೋಪಿನ ವಿಷಯ ಏನು ಎಂದು ಕೇಳಬಹುದು. 2006ರ ಜನವರಿಯಲ್ಲಿ, ಮತ್ತೆ 2009ರ ಜನವರಿಯಲ್ಲಿ ಉಕ್ರೇನ್ ಜೊತೆ ಜಗಳವಾದಾಗ ಅನಿಲ ನಿಂತು ಬಲ್ಗೇರಿಯಾ, ಸ್ಲೊವಾಕಿಯಾಗಳು ಚಳಿಯಲ್ಲಿ ನಡುಗಿದವಲ್ಲ? ನಲ್ಲಿ ಹಿಡಿದವನ ಬಲ ಅದಲ್ಲವೆ? ಹೌದು, ಕೆಲವು ವಾರಗಳ ಮಟ್ಟಿಗೆ. ಪ್ರಶ್ನೆ ಅವಧಿಯದು. 2021ರಲ್ಲಿ ಯುರೋಪಿಯನ್ ಒಕ್ಕೂಟ ಆಮದು ಮಾಡಿಕೊಳ್ಳುತ್ತಿದ್ದ ಅನಿಲದಲ್ಲಿ ಸುಮಾರು ಶೇ. 45 ರಷ್ಯಾದ್ದು. 2022ರಲ್ಲಿ ಪುಟಿನ್ ಆ ಹಿಡಿತವನ್ನು ಕೊನೆಯವರೆಗೂ ಬಳಸಿದರು. ಆಗಸ್ಟ್ ಮುಗಿಯುವಷ್ಟರಲ್ಲಿ ರಷ್ಯಾದಿಂದ ಜರ್ಮನಿಗೆ ಬರುವ ನಾರ್ಡ್ ಸ್ಟ್ರೀಮ್ ಕೊಳವೆಯ ಹರಿವು ನಿಂತಿತ್ತು, ಸೆಪ್ಟೆಂಬರ್ 26ರಂದು ಬಾಲ್ಟಿಕ್ ಸಮುದ್ರದಡಿಯ ಸ್ಫೋಟಗಳಿಗೆ ಅದು ಒಡೆದೂ ಹೋಯಿತು. ಯುರೋಪು ದುಬಾರಿ ಚಳಿಗಾಲ ಕಳೆಯಿತು, ಜರ್ಮನಿಯ ಕಾರ್ಖಾನೆಗಳು ಉತ್ಪಾದನೆ ಇಳಿಸಿದವು. ಆದರೂ ಡಿಸೆಂಬರ್‌ನಲ್ಲೇ ವಿಲ್ಹೆಲ್ಮ್ಸ್‌ಹಾಫೆನ್‌ನಲ್ಲಿ ಜರ್ಮನಿಯ ಮೊದಲ ಎಲ್‌ಎನ್‌ಜಿ ಟರ್ಮಿನಲ್ ತೆರೆಯಿತು. 2023ರಲ್ಲಿ ರಷ್ಯಾದ ಪಾಲು ಶೇ. 15ರ ಆಸುಪಾಸಿಗೆ ಇಳಿಯಿತು. ಅದೇ ವರ್ಷ ಗಾಜ್‌ಪ್ರಾಮ್ 62,900 ಕೋಟಿ ರೂಬಲ್ ನಷ್ಟ ತೋರಿಸಿತು, ಎರಡು ದಶಕಗಳಲ್ಲಿ ಮೊದಲ ಬಾರಿಗೆ. ಯಮಾಲ್‌ನ ಅನಿಲಕ್ಕೆ ಬೇರೆ ದಾರಿ ಇರಲಿಲ್ಲ.

ಇಲ್ಲಿ ಒಂದು ಮಾತನ್ನು ಸೇರಿಸದಿದ್ದರೆ ಯುರೋಪನ್ನು ಹೊಗಳಿದಂತಾದೀತು. ಅದು ಕಾಯಬಲ್ಲದಾದದ್ದು ಕಿಸೆಯ ಬಲದಿಂದ. 2022ರಲ್ಲಿ ಎಲ್ಲಿ ಎಲ್‌ಎನ್‌ಜಿ ಹಡಗು ಕಂಡರೂ ಹೆಚ್ಚು ದುಡ್ಡು ಕೊಟ್ಟು ಸೆಳೆದುಕೊಂಡಿತು. ಪಾಕಿಸ್ತಾನ ಕರೆದ ಟೆಂಡರ್‌ಗೆ ಒಬ್ಬರೂ ಬರದ ಸಂದರ್ಭಗಳಿದ್ದವು. ಬಾಂಗ್ಲಾದೇಶ ಆಯಾ ದಿನದ ದರದ ಮಾರುಕಟ್ಟೆಯ ಖರೀದಿಯನ್ನೇ ನಿಲ್ಲಿಸಿ ದೀಪ ಆರಿಸಿ ಕುಳಿತಿತು. ಬರ್ಲಿನ್ ಮತ್ತು ಮಾಸ್ಕೋ ಜಗಳದ ಬಿಲ್ಲಿನ ಒಂದು ಭಾಗವನ್ನು ಢಾಕಾ ತೆತ್ತಿತು.

ಪರಸ್ಪರ ಅವಲಂಬನೆ ಯುದ್ಧವನ್ನು ತಡೆಯುತ್ತದೆ ಎಂಬುದು ಇನ್ನೊಂದು ಆಕ್ಷೇಪ, ಇದರ ಹಿಂದೆ ಗೌರವಾರ್ಹ ಇತಿಹಾಸವಿದೆ. 1970ರ ಫೆಬ್ರುವರಿಯಲ್ಲಿ ಪಶ್ಚಿಮ ಜರ್ಮನಿ ದೊಡ್ಡ ವ್ಯಾಸದ ಉಕ್ಕಿನ ಕೊಳವೆ ಕೊಟ್ಟು ಸೋವಿಯತ್ ಅನಿಲ ಪಡೆಯುವ ಒಪ್ಪಂದ ಮಾಡಿಕೊಂಡಿತು. ಅಫ್ಘಾನಿಸ್ತಾನದ ಯುದ್ಧ, ಪೋಲೆಂಡಿನ ಮಿಲಿಟರಿ ಆಡಳಿತ, 1982ರಲ್ಲಿ ಸೈಬೀರಿಯಾದಿಂದ ಯುರೋಪಿಗೆ ಬರುವ ಉರೆಂಗಾಯ್ ಕೊಳವೆಯ ಮೇಲೆ ಅಮೆರಿಕದ ಅಧ್ಯಕ್ಷ ರೇಗನ್ ಹಾಕಿದ ನಿರ್ಬಂಧ, ಏನೇ ಆದರೂ ಅನಿಲ ನಿಲ್ಲಲಿಲ್ಲ. ಆದರೆ ಆಗ ಗಡಿಗಳನ್ನು ಎರಡು ಸೇನಾಕೂಟಗಳ ನಡುವೆ ಗಟ್ಟಿಯಾಗಿ ಎಳೆಯಲಾಗಿತ್ತು, ಅವನ್ನು ಕದಲಿಸುವ ಧೈರ್ಯ ಯಾರಿಗೂ ಇರಲಿಲ್ಲ. ಶಾಂತಿ ಮೊದಲೇ ಇತ್ತು, ವ್ಯಾಪಾರ ಅದರ ನೆರಳಿನಲ್ಲಿ ಬೆಳೆಯಿತು. 2022ರಲ್ಲಿ ಗಡಿಯನ್ನೇ ಬದಲಿಸಲು ಹೊರಟ ನಾಯಕನಿಗೆ ಅನಿಲದ ಆದಾಯ ಕಡಿವಾಣವಾಗಲಿಲ್ಲ.

ಚೀನಾಕ್ಕೂ ಅನಿವಾರ್ಯತೆಗಳಿವೆ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಅದರ ಆಮದು ತೈಲದ ಬಹುಪಾಲು ಹಾದುಬರುವ ಮಲಕ್ಕಾ ಜಲಸಂಧಿಯನ್ನು ಯುದ್ಧಕಾಲದಲ್ಲಿ ಶತ್ರು ನೌಕಾಪಡೆ ಮುಚ್ಚಬಹುದೆಂಬ ಆತಂಕ ಹಿಂದಿನ ಅಧ್ಯಕ್ಷ ಹು ಜಿಂಟಾವೊ ಕಾಲದಿಂದಲೂ ಇದೆ. ನೆಲದ ಮೇಲಿನ ಕೊಳವೆಯನ್ನು ಯಾವ ಯುದ್ಧನೌಕೆಯೂ ತಡೆಯಲಾರದು. ಇದು ಅನಿಲ ಬೇಕೆಂಬುದಕ್ಕೆ ಕಾರಣವಾದೀತು, ಈಗಲೇ ಬೇಕೆಂಬುದಕ್ಕೆ ಆಗದು. ಚೀನಾ ತನ್ನ ಅನಿಲದ ಅರ್ಧಕ್ಕಿಂತ ಹೆಚ್ಚನ್ನು ತನ್ನ ನೆಲದಲ್ಲೇ ತೆಗೆಯುತ್ತದೆ, ವಿದ್ಯುತ್ತಿಗೆ ಕಲ್ಲಿದ್ದಲು ಧಾರಾಳವಾಗಿದೆ, ತುರ್ಕಮೆನಿಸ್ತಾನದಿಂದ 2009ರಿಂದಲೇ ಕೊಳವೆ ಇದೆ. ಆ ತುರ್ಕಮೆನಿಸ್ತಾನದ ಪಾಡನ್ನಾದರೂ ನೋಡಿ. ಸೋವಿಯತ್ ಕಾಲದ ಕೊಳವೆಗಳಿಂದಾಗಿ ಮೊದಲು ಅದರ ದೊಡ್ಡ ಗಿರಾಕಿ ರಷ್ಯಾವೇ ಆಗಿತ್ತು. 2009ರ ಏಪ್ರಿಲ್‌ನಲ್ಲಿ ಕೊಳವೆ ಸ್ಫೋಟಿಸಿದ್ದರ ಸುತ್ತ ಜಗಳವಾಗಿ ಗಾಜ್‌ಪ್ರಾಮ್ ಖರೀದಿ ಕುಗ್ಗಿಸಿತು, 2016ರಲ್ಲಿ ನಿಲ್ಲಿಸಿಯೇಬಿಟ್ಟಿತು. ತುರ್ಕಮೆನಿಸ್ತಾನ ಬೀಜಿಂಗ್ ಕಡೆ ತಿರುಗಿತು, ಅಲ್ಲಿಂದಲೇ ಸಾಲವನ್ನೂ ತಂದಿತು, ಕೊನೆಗೆ ಒಬ್ಬ ಗಿರಾಕಿಯ ಜಾಗದಲ್ಲಿ ಇನ್ನೊಬ್ಬ ಗಿರಾಕಿ ಬಂದ, ಅಷ್ಟೆ. ಅಂದು ತುರ್ಕಮೆನಿಸ್ತಾನದ ಮುಂದೆ ಬೆಲೆ ಹೇಳುತ್ತಿದ್ದ ರಷ್ಯಾ ಇಂದು ಅದೇ ಸರದಿಯಲ್ಲಿ ಅದರ ಪಕ್ಕದಲ್ಲೇ ನಿಂತಿದೆ.

ಭಾರತಕ್ಕೆ ಇರಾನಿನಿಂದಾಗಲಿ ತುರ್ಕಮೆನಿಸ್ತಾನದಿಂದಾಗಲಿ ಕೊಳವೆ ಬರಲಿಲ್ಲವೆಂದು ಮರುಗುವವರಿದ್ದಾರೆ. ಎರಡೂ ಪಾಕಿಸ್ತಾನವನ್ನು ಹಾದೇ ಬರಬೇಕಿತ್ತು. ಬಾರದಿದ್ದುದೇ ವಾಸಿ ಎನ್ನುವ ಕಡೆಗೆ ನನ್ನ ಒಲವು. ಹಡಗಿನ ತೈಲವನ್ನೇ ನಂಬಿದ್ದರಿಂದ, ಯುದ್ಧಕ್ಕೆ ಮುಂಚೆ ನಮ್ಮ ಆಮದಿನಲ್ಲಿ ಶೇ. 2ರಷ್ಟಿದ್ದ ರಷ್ಯಾದ ಕಚ್ಚಾತೈಲ 2023ರಲ್ಲಿ ಮೂರನೆಯ ಒಂದು ಭಾಗಕ್ಕೇರಿತು, ಅದೂ ರಿಯಾಯಿತಿ ದರದಲ್ಲಿ. ಕಾಯುವ ಶಕ್ತಿಯನ್ನು ಕಲ್ಲಿನಲ್ಲಿ ಕೊರೆದದ್ದನ್ನು ನೋಡಬೇಕೆಂದರೆ ನಮ್ಮ ಕರಾವಳಿಯಲ್ಲೇ ಇದೆ: ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿಯ ಪಾದೂರಿನಲ್ಲಿ 25 ಲಕ್ಷ ಟನ್ ಹಿಡಿಯುವ ಭೂಗತ ಗುಹೆಗಳು. 2020ರ ಏಪ್ರಿಲ್-ಮೇ ತಿಂಗಳಲ್ಲಿ ಜಗತ್ತೇ ಮನೆಯೊಳಗೆ ಕುಳಿತು ತೈಲದ ಬೆಲೆ ಕುಸಿದಾಗ ಬ್ಯಾರೆಲ್‌ಗೆ ಸರಾಸರಿ 19 ಡಾಲರ್‌ನಂತೆ ಕೊಂಡು ಈ ಗುಹೆಗಳನ್ನೂ ವಿಶಾಖಪಟ್ಟಣದ್ದನ್ನೂ ತುಂಬಿಸಿ 5,000 ಕೋಟಿ ರೂಪಾಯಿಗೂ ಹೆಚ್ಚು ಉಳಿಸಿದೆವೆಂದು ಸರ್ಕಾರ ಲೆಕ್ಕ ಕೊಟ್ಟಿತು. ಮೂರೂ ಕಡೆಯ ಗುಹೆಗಳು ಭರ್ತಿಯಾಗಿದ್ದರೂ ಅವು ದೇಶದ ಸುಮಾರು ಒಂಬತ್ತೂವರೆ ದಿನದ ಅಗತ್ಯಕ್ಕಷ್ಟೇ ಸಾಲುತ್ತವೆ. ಕಂಪನಿಗಳ ಟ್ಯಾಂಕುಗಳಲ್ಲಿ ಇನ್ನಷ್ಟಿರುತ್ತದೆ ನಿಜ. ಆದರೂ ಬೀಜಿಂಗ್‌ನಂತೆ ಹತ್ತು ವರ್ಷ ಸುಮ್ಮನೆ ಕುಳಿತು ಬೆಲೆ ಇಳಿಸಿಕೊಳ್ಳುವ ಸ್ಥಿತಿಯಲ್ಲಿ ದೆಹಲಿ ಇಲ್ಲ.